ಟೇಪು, ಬಾಚಣಿಗೆ, ಬಲೂನು: ಕೂಲಂಬ್ ನಿಯಮನ ಮನೇಲೇ ಮಾಡಿ ನೋಡೋದು ಹೆಂಗೆ

ಸೆಕೆಂಡ್ ಪಿಯು ಫಿಸಿಕ್ಸ್‌ನಲ್ಲಿ ಮೊದಲನೇ ಚಾಪ್ಟರ್ರೇ ಎಲೆಕ್ಟ್ರಿಕ್ ಚಾರ್ಜು. ಎರಡು ಚಾರ್ಜ್ ಒಂದನ್ನೊಂದು ಎಷ್ಟು ಬಲದಲ್ಲಿ ಎಳೀತವೆ ಇಲ್ಲಾ ತಳ್ಳುತ್ವೆ ಅಂತ ಹೇಳೋದೇ ಕೂಲಂಬ್ ನಿಯಮ. ನಮ್ಮಕ್ಕನ ಮಗ ಅದರ ಫಾರ್ಮುಲಾನ ಮಗ್ಗಿ ಒಪ್ಪಿಸ್ದಂಗೆ ಒಪ್ಪಿಸ್ತಾನೆ, ಆದ್ರೆ "ದೂರ ಡಬಲ್ ಮಾಡಿದ್ರೆ ಬಲ ಎಷ್ಟಾಗುತ್ತೋ" ಅಂದ್ರೆ ತಲೆ ಕೆರ್ಕೊಂಡು "ಅರ್ಧ ಅಲ್ವಾ ಮಾವ" ಅಂದ. ಸಂಕ್ರಾಂತಿಗೆ ಶಿಡ್ಲಘಟ್ಟಕ್ಕೆ ಹೋಗಿದ್ದೆ, ಒಂದು ಮಧ್ಯಾಹ್ನ ಕೂರಿಸ್ಕೊಂಡು ಮಾಡಿ ತೋರಿಸ್ದೆ, ಅದನ್ನೇ ಇಲ್ಲಿ ಹಾಕ್ತಿದ್ದೀನಿ. ಜನವರಿನೇ ಆಗ್ಬೇಕು ಅಂತಿಲ್ಲ, ಆದ್ರೆ ಗಾಳಿ ಒಣಗಿರ್ಬೇಕು. ಮಳೆಗಾಲದಲ್ಲಿ ಮಾಡೋಕೆ ಹೋದ್ರೆ ತೇವಕ್ಕೆ ಚಾರ್ಜ್ ಎಲ್ಲಾ ಸೋರಿ ಹೋಗುತ್ತೆ, ಆಮೇಲೆ ನನ್ನ ಬೈಕೋಬೇಡಿ.

ಮೊದಲು ಟೇಪು. ಅಂಗಡೀಲಿ ಸಿಗೋ ಮಾಮೂಲಿ ಟ್ರಾನ್ಸ್‌ಪರೆಂಟ್ ಗಮ್ ಟೇಪ್ ಸಾಕು. ಗೇಣುದ್ದ ಎರಡು ಪೀಸ್ ಕಟ್ ಮಾಡಿ, ಹಿಡ್ಕೊಳ್ಳೋಕೆ ಒಂದೊಂದು ತುದಿ ಮಡಚಿ, ಎರಡನ್ನೂ ಟೇಬಲ್ ಮೇಲೆ ಪಕ್ಕ ಪಕ್ಕ ಅಂಟಿಸಿ, ಆಮೇಲೆ ಚರ್ ಅಂತ ಕಿತ್ತು ಹತ್ತಿರ ತನ್ನಿ. ಎರಡೂ ಒಂದನ್ನೊಂದು ದೂರ ತಳ್ಳುತ್ವೆ, ಎರಡಕ್ಕೂ ಒಂದೇ ಥರದ ಚಾರ್ಜ್ ಬಂದಿರುತ್ತಲ್ಲ ಅದಕ್ಕೆ. ಈಗ ಒಂದರ ಮೇಲೊಂದು ಅಂಟಿಸಿ, ಎರಡನ್ನೂ ಜೋಡೀಲೇ ಟೇಬಲ್‌ನಿಂದ ನಿಧಾನಕ್ಕೆ ಎತ್ತಿ, ನುಣುಪು ಮೈ ಮೇಲೆ ಬೆರಳಲ್ಲಿ ಒಂದ್ಸಲ ಸವರಿ (ಇದ್ದಿದ್ದ ಚಾರ್ಜ್ ಕಳೆಯೋಕೆ), ಆಮೇಲೆ ಬೇರೆ ಬೇರೆ ಮಾಡಿ. ಈ ಸಲ ಹಾರಿ ಬಂದು ಅಂಟ್ಕೊಳ್ತವೆ. ಒಂದು ಕಳ್ಕೊಂಡ ಎಲೆಕ್ಟ್ರಾನು ಇನ್ನೊಂದಕ್ಕೆ ಹೋಗಿರುತ್ತೆ, ಹೊಸದಾಗಿ ಚಾರ್ಜ್ ಹುಟ್ಟಿದ್ದೇನಲ್ಲ, ಕೈ ಬದಲಾಗಿದ್ದು ಅಷ್ಟೆ.

ಯಾವುದು ಪ್ಲಸ್ ಯಾವುದು ಮೈನಸ್ ಅಂತ ಕಂಡುಹಿಡಿಯೋಕೆ ಬಾಚಣಿಗೆ ಬೇಕು. ಎಣ್ಣೆ ಹಚ್ಚದ ಒಣ ತಲೇಲಿ ಹತ್ತು ಸಲ ಬಾಚಿದ್ರೆ ಪ್ಲಾಸ್ಟಿಕ್ ಬಾಚಣಿಗೆ ಮೈನಸ್ ಆಗುತ್ತೆ. ಗಾಜನ್ನ ರೇಷ್ಮೇಲಿ ಉಜ್ಜಿದ್ರೆ ಗಾಜು ಪ್ಲಸ್ಸು, ರೇಷ್ಮೆ ಮೈನಸ್ಸು. ಪ್ಲಸ್ಸು ಮೈನಸ್ಸು ಅನ್ನೋ ಹೆಸರು ಬೆಂಜಮಿನ್ ಫ್ರಾಂಕ್ಲಿನ್ ಇಟ್ಟಿದ್ದು, ಎಲೆಕ್ಟ್ರಾನ್ ಅಂತ ಒಂದಿದೆ ಅಂತ ಗೊತ್ತಾಗೋಕೆ ನೂರೈವತ್ತು ವರ್ಷದಷ್ಟು ಮುಂಚೆ. ಶಿಡ್ಲಘಟ್ಟದಲ್ಲಿ ರೇಷ್ಮೆಗೆ ಬರನಾ, ಅಕ್ಕನ ಹಳೇ ಸೀರೆ ಚೂರು ತಗೊಂಡ್ವಿ, ಅವಳು ಒಳಗಿಂದ "ಏನ್ರೋ ಅದು, ಹೊಸ ಸೀರೆ ಏನಾದ್ರೂ ಮುಟ್ಟಿದ್ರೋ ನೋಡಿ" ಅಂತ ಕೂಗ್ತಾನೇ ಇದ್ಲು. ಟೇಪನ್ನ ಬಾಚಣಿಗೆ ದೂರ ತಳ್ಳಿದ್ರೆ ಟೇಪು ಮೈನಸ್ ಅಂತ ಗ್ಯಾರಂಟಿ. ಆದ್ರೆ ಎಳ್ಕೊಂಡ್ರೆ ಪ್ಲಸ್ ಅಂತ ತೀರ್ಮಾನ ಮಾಡೋ ಹಾಗಿಲ್ಲ, ಯಾಕಂದ್ರೆ ಚಾರ್ಜೇ ಇಲ್ಲದ ವಸ್ತುನೂ ಎಳ್ಕೊಳ್ಳುತ್ತೆ. ಎಕ್ಸಾಮಲ್ಲಿ ಒಂದು ಮಾರ್ಕಿಗೆ ಕೇಳ್ತಾರೆ ಇದನ್ನ.

ಇಲ್ಲೇ ಹುಡುಗ ಸರಿಯಾಗಿ ಹಿಡ್ಕೊಂಡ. ಬಾಚಣಿಗೆಗೆ ಪೇಪರ್ ಚೂರು ಹಾರಿ ಬಂತಲ್ಲ, "ಮಾವ, ಪೇಪರಿಗೆ ಚಾರ್ಜೇ ಇಲ್ಲ, ಮತ್ತೆ ಅದ್ಯಾಕೆ ಬಂತು?" ಅಂದ. ಒಳ್ಳೆ ಪ್ರಶ್ನೆ ಕಣೋ ಅಂದೆ. ಪೇಪರ್ ಒಳಗೆ ಪ್ಲಸ್ಸೂ ಇದೆ ಮೈನಸ್ಸೂ ಇದೆ, ಸಮ ಸಮ. ಮೈನಸ್ ಬಾಚಣಿಗೆ ಹತ್ತಿರ ಬಂದ ತಕ್ಷಣ ಪೇಪರಿನ ಎಲೆಕ್ಟ್ರಾನುಗಳು ಇದ್ದಲ್ಲೇ ಒಂಚೂರು ಆ ಕಡೆ ಸರೀತವೆ, ಬಿಟ್ಟು ಓಡಿ ಹೋಗಲ್ಲ, ಸರಿದು ಕೂರ್ತವೆ ಅಷ್ಟೆ. ಅಲ್ಲಿಗೆ ಬಾಚಣಿಗೆ ಕಡೆ ಮುಖ ಪ್ಲಸ್ಸು, ಹಿಂದಿನ ಮುಖ ಮೈನಸ್ಸು. ಮುಂದಿನ ಮುಖನ ಎಳೀತದೆ, ಹಿಂದಿನದನ್ನ ತಳ್ಳುತ್ತೆ, ಎರಡೂ ಸಮ ಇದ್ದಿದ್ರೆ ಪೇಪರ್ ಅಲ್ಲೇ ಬಿದ್ದಿರೋದು. ಆದ್ರೆ ಮುಂದಿನ ಮುಖ ಕೂದಲೆಳೆಯಷ್ಟು ಹತ್ತಿರ ಇದೆಯಲ್ಲ, ಅಷ್ಟಕ್ಕೇ ಎಳೆತ ಗೆಲ್ಲುತ್ತೆ. ಹಾರಿ ಬಂದ ಚೂರಲ್ಲಿ ಒಂದೊಂದು ಬಾಚಣಿಗೆಗೆ ತಾಗಿ ಅರೆಕ್ಷಣ ಬಿಟ್ಟು ಪಟ್ ಅಂತ ವಾಪಸ್ ಸಿಡಿಯುತ್ತೆ, ಅದಕ್ಕೂ ಮೈನಸ್ ಹತ್ಕೊಂಡಿರುತ್ತೆ, ಗಮನ ಇಟ್ಟು ನೋಡಿ.

ಈ ದೂರದ ಲೆಕ್ಕನೇ ಫ್ರಾನ್ಸಿನ ಕೂಲಂಬ್ 1785ರಲ್ಲಿ ಅಳೆದಿದ್ದು. ಆಯಪ್ಪ ಮಿಲಿಟರಿ ಇಂಜಿನಿಯರು, ತೆಳು ತಂತೀಲಿ ಅಡ್ಡ ಕಡ್ಡಿ ತೂಗುಹಾಕಿ, ಚಾರ್ಜ್ ತಳ್ಳಿದಾಗ ತಂತಿ ಎಷ್ಟು ತಿರುಚ್ಕೊಳ್ಳುತ್ತೆ ಅಂತ ನೋಡಿ ಬಲ ಲೆಕ್ಕ ಹಾಕಿದ. ಬಲ = ಕೆ × ಮೊದಲ ಚಾರ್ಜ್ × ಎರಡನೇ ಚಾರ್ಜ್ ÷ ದೂರದ ಸ್ಕ್ವೇರ್. ಕೆ ಅನ್ನೋ ಸ್ಥಿರಾಂಕ 9 × 10⁹, ಚಾರ್ಜನ್ನ ಕೂಲಂಬ್‌ನಲ್ಲಿ (ಆಯಪ್ಪನ ಹೆಸರಿನದೇ ಯೂನಿಟ್ಟು), ದೂರನ ಮೀಟರ್‌ನಲ್ಲಿ, ಬಲನ ನ್ಯೂಟನ್‌ನಲ್ಲಿ ಇಟ್ಕೊಂಡಾಗ. ದೂರ ಡಬಲ್ ಆದ್ರೆ ಬಲ ಕಾಲು ಭಾಗ, ಮೂರು ಪಟ್ಟಾದ್ರೆ ಒಂಬತ್ತನೇ ಒಂದು, ಅರ್ಧಕ್ಕಿಳಿಸಿದ್ರೆ ನಾಲ್ಕು ಪಟ್ಟು. ಒಂದೊಂದು ಕೂಲಂಬ್ ಚಾರ್ಜ್ ಎರಡನ್ನ 1 ಮೀಟರ್ ದೂರದಲ್ಲಿಟ್ರೆ ಬಲ ಸುಮಾರು 9 ಲಕ್ಷ ಟನ್ ತೂಕಕ್ಕೆ ಸಮ. ಕೋಲಾರದ ಎಪಿಎಂಸಿಯಿಂದ ಹತ್ತು ಟನ್ ಟೊಮೆಟೊ ಹೇರ್ಕೊಂಡು ಹೋಗೋ ಲೋಡು 90 ಸಾವಿರ ಸೇರಿಸಿದಂಗೆ. ಅದಕ್ಕೇ ಲೆಕ್ಕದಲ್ಲೆಲ್ಲಾ ಮೈಕ್ರೋ ಕೂಲಂಬ್ (ಕೂಲಂಬ್‌ನ ಹತ್ತು ಲಕ್ಷದಲ್ಲೊಂದು ಪಾಲು) ಕೊಡೋದು.

ಈಗ ನಿಜವಾದ ಲೆಕ್ಕ ಮಾಡೋಣ. ಎರಡು ಪುಟ್ಟ ಬಲೂನು, ತಲಾ 2 ಗ್ರಾಂ ಅಂತ ಇಟ್ಕೊಳ್ಳಿ, ಒಂದೇ ಮೊಳೆಗೆ ದಾರದಲ್ಲಿ ತೂಗುಹಾಕಿ, ಮೊಳೆಯಿಂದ ಬಲೂನಿನ ನಡುವಿಗೆ ಒಂದೂವರೆ ಮೀಟರ್ ಇರ್ಲಿ. ಎರಡನ್ನೂ ಒಣ ತಲೆಗೆ ಉಜ್ಜಿ ಬಿಡಿ, ಫ್ಯಾನ್ ಆಫ್ ಮಾಡಿ. ನಡುವಿಂದ ನಡುವಿಗೆ 30 ಸೆಂಟಿಮೀಟರ್ ದೂರ ನಿಂತ್ರೆ ಒಂದೊಂದೂ 15 ಸೆಂಟಿಮೀಟರ್ ಪಕ್ಕಕ್ಕೆ ಸರಿದಂಗಾಯ್ತು. 150ರಲ್ಲಿ 15, ಅಂದ್ರೆ ಹತ್ತರಲ್ಲೊಂದು, ಹಂಗಾಗಿ ಪಕ್ಕಕ್ಕೆ ತಳ್ಳೋ ಬಲ ತೂಕದ ಹತ್ತರಲ್ಲೊಂದು. ತೂಕ 0.02 ನ್ಯೂಟನ್, ಬಲ 0.002 ನ್ಯೂಟನ್. ಎರಡಕ್ಕೂ ಒಂದೇ ಚಾರ್ಜ್ ಅಂದ್ಕೊಂಡು ಫಾರ್ಮುಲಾ ತಿರುಗಿಸಿದ್ರೆ ಸುಮಾರು 0.14 ಮೈಕ್ರೋ ಕೂಲಂಬ್ ಬರುತ್ತೆ, ಅಂದ್ರೆ ನಿಮ್ಮ ತಲೆಯಿಂದ ಒಂದೊಂದು ಬಲೂನಿಗೂ ಹೆಚ್ಚುಕಮ್ಮಿ 88 ಸಾವಿರ ಕೋಟಿ ಎಲೆಕ್ಟ್ರಾನು ಹೋಗಿವೆ. ನಮ್ಮ ಹುಡುಗ ಮೊದಲ ಸಲ ದೂರನ 0.3 ಮೀಟರ್ ಅನ್ನೋ ಬದಲು 30 ಅಂತಾನೇ ಹಾಕಿ, ಚಾರ್ಜ್ ನೂರು ಪಟ್ಟು ಜಾಸ್ತಿ ತಂದಿದ್ದ. ಸೆಂಟಿಮೀಟರ್ ಕಂಡ ತಕ್ಷಣ ಮೀಟರ್ ಮಾಡಿಬಿಡಿ, ಆಮೇಲೆ ಉಳಿದಿದ್ದು.

ಪ್ಲಸ್ ಮೈನಸ್ ಚಿಹ್ನೆನ ಫಾರ್ಮುಲಾ ಒಳಗೆ ತುರುಕೋಕೆ ಹೋಗ್ಬೇಡಿ, ನನ್ನ ಮಟ್ಟಿಗೆ ಅದರಿಂದ ಬರೋ ಗೊಂದಲನೇ ಜಾಸ್ತಿ. ಬಲದ ಅಳತೆ ಮಾತ್ರ ಲೆಕ್ಕ ಹಾಕಿ, ದಿಕ್ಕನ್ನ ಬಾಣ ಬರೆದು ತೀರ್ಮಾನ ಮಾಡಿ. ಮೂರು ಚಾರ್ಜ್ ಕೊಟ್ರೂ ಅಷ್ಟೇ, ಎರಡೆರಡನ್ನೇ ಬೇರೆ ಬೇರೆ ತಗೊಂಡು ಬಾಣ ಹಾಕಿ ಕೊನೇಲಿ ವೆಕ್ಟರ್ ಥರ, ಅಂದ್ರೆ ದಿಕ್ಕನ್ನೂ ಲೆಕ್ಕಕ್ಕೆ ತಗೊಂಡು ಕೂಡಿಸಿ.

ಇನ್ನೊಂದು ವಿಷಯ, ಮೇಲೆ ಹೇಳಿದ ಕೆ ಬೆಲೆ ಖಾಲಿ ಜಾಗಕ್ಕೆ, ಗಾಳಿಗೂ ನಡೆಯುತ್ತೆ. ಅದೇ ಚಾರ್ಜ್‌ಗಳು ನೀರೊಳಗಿದ್ರೆ ಬಲ ಸುಮಾರು 80ರಲ್ಲೊಂದು ಪಾಲಿಗೆ ಇಳಿಯುತ್ತೆ. ಉಪ್ಪಿನ ಹರಳಲ್ಲಿ ಸೋಡಿಯಂ ಕ್ಲೋರಿನ್ ಒಂದನ್ನೊಂದು ಅಷ್ಟು ಬಿಗಿಯಾಗಿ ಹಿಡ್ಕೊಂಡಿದ್ರೂ ಸಾರಿಗೆ ಹಾಕಿದ ತಕ್ಷಣ ಬಿಟ್ಕೊಳ್ಳೋದಕ್ಕೆ ಇದೂ ಒಂದು ಕಾರಣ. ಇದನ್ನ ಹೇಳ್ತಿರುವಾಗ್ಲೇ ಅಕ್ಕ ಊಟಕ್ಕೆ ಕರೆದ್ಲು, ಬಲೂನು ಮೊಳೇಲೇ ಬಿಟ್ಟು ಎದ್ವಿ, ಸಂಜೆ ನೋಡಿದ್ರೆ ಎರಡೂ ಹತ್ತಿರ ಬಂದು ಒಂದಕ್ಕೊಂದು ಒರಗ್ಕೊಂಡಿದ್ವು.