55 ಸಾವಿರದ ಗೇಮಿಂಗ್ ಪಿಸಿ: ದುಡ್ಡು ಎಲ್ಲಿ ಸುರಿದೆ, ಎಲ್ಲಿ ಹಿಡಿದೆ

ಬೇಡಿಕೆ ಇಷ್ಟೇ. 1080ಪಿ ಮಾನಿಟರಿನಲ್ಲಿ ಹೆಚ್ಚಿನ ಆಟಗಳು ಹೈ ಸೆಟ್ಟಿಂಗಿನಲ್ಲಿ 60 ಎಫ್‌ಪಿಎಸ್‌ಗಿಂತ (ಸೆಕೆಂಡಿಗೆ ಪರದೆಯಲ್ಲಿ ಮೂಡುವ ಚಿತ್ರಗಳ ಸಂಖ್ಯೆ) ಕೆಳಗಿಳಿಯಬಾರದು, ವ್ಯಾಲೊರಂಟ್, ಸಿಎಸ್2 ಥರದವು ಸಲೀಸಾಗಿ 144 ದಾಟಬೇಕು. ಮಾನಿಟರ್ ಬಿಟ್ಟು ಉಳಿದದ್ದಕ್ಕೆಲ್ಲ 55 ಸಾವಿರ. 2024ರಲ್ಲಿ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿಯಾದ ಎಸ್‌ಪಿ ರೋಡಿನ ರೇಟಿಗೆ ಕೂಡಿಸಿದ್ದು ಹೀಗೆ: ರೈಜನ್ 5 5600 ಪ್ರೊಸೆಸರ್ ಸುಮಾರು 12 ಸಾವಿರ, 8 ಜಿಬಿಯ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ 21 ಸಾವಿರ, ಬಿ450 ಮದರ್‌ಬೋರ್ಡ್ 7 ಸಾವಿರ, 8 ಜಿಬಿಯ ಎರಡು ಡಿಡಿಆರ್4 3200 ರ‍್ಯಾಮ್ ಮೂರೂವರೆ ಸಾವಿರ, 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ ನಾಲ್ಕೂವರೆ, 550 ವ್ಯಾಟಿನ ಎಸ್‌ಎಂಪಿಎಸ್ (ಪಿಸಿಯ ಭಾಗಗಳಿಗೆ ಕರೆಂಟ್ ಹಂಚುವ ಪೆಟ್ಟಿಗೆ) 4, ಮುಂಭಾಗಕ್ಕೆ ಜಾಲರಿ ಇರುವ ಕ್ಯಾಬಿನೆಟ್ 3 ಸಾವಿರ. 24 ಇಂಚಿನ 144 ಹರ್ಟ್ಸ್ ಮಾನಿಟರಿಗೆ 9 ಸಾವಿರ ಬೇರೆ. ಎಲ್ಲವೂ 18% ಜಿಎಸ್‌ಟಿ ಸೇರಿಸಿ.

ಈಗಿನ ರೇಟು ಬೇರೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ, ಎಸ್‌ಎಸ್‌ಡಿಯೂ ಅದರ ಹಿಂದೆಯೇ ಹೊರಟಿದೆ. ಆದರೆ ಹಂಚುವ ಲೆಕ್ಕ ಅದೇ: ಒಟ್ಟು ಮೊತ್ತದಲ್ಲಿ 35ರಿಂದ 40% ಗ್ರಾಫಿಕ್ಸ್ ಕಾರ್ಡಿಗೆ ಹೋಗಬೇಕು, ಉಳಿದದ್ದೆಲ್ಲ ಆ ಕಾರ್ಡಿಗೆ ಅಡ್ಡ ಬರದಿದ್ದರೆ ಸಾಕು. ಆರ್‌ಜಿಬಿ ಫ್ಯಾನು, ಗಾಜಿನ ಬಾಗಿಲು, ಮೂರು ಫ್ಯಾನಿನ ಲಿಕ್ವಿಡ್ ಕೂಲರ್ ಈ ಬಜೆಟ್ಟಿನಲ್ಲಿ ಒಂದು ಎಫ್‌ಪಿಎಸ್ಸನ್ನೂ ಕೊಡುವುದಿಲ್ಲ. ರ‍್ಯಾಮ್ ದುಬಾರಿ ಎನಿಸಿದರೆ ಹಳೆಯ ಡಿಡಿಆರ್4 ಜೋಡಿ ತೆಗೆದುಕೊಳ್ಳಬಹುದು. ಸೆಕೆಂಡ್ ಹ್ಯಾಂಡಿನಲ್ಲಿ ನಾನು ಧೈರ್ಯವಾಗಿ ಕೊಳ್ಳುವ ಭಾಗ ಅದೊಂದೇ. ತಂದ ದಿನವೇ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶ ಪೂರ್ತಿ ಓಡಿಸಿ, ಒಂದು ತಪ್ಪು ತೋರಿಸಿದರೂ ವಾಪಸ್ ಕೊಡಿ.

ಕಾರ್ಡಿನ ಆಯ್ಕೆಯಲ್ಲಿ ಮೊದಲು ನೋಡಿದ್ದು ವಿಡಿಯೋ ಮೆಮೊರಿ. 4 ಜಿಬಿಯ ಕಾರ್ಡಿನಲ್ಲಿ ಹೊಸ ಆಟಗಳ ಟೆಕ್ಸ್‌ಚರ್ (ಆಟದ ವಸ್ತುಗಳ ಮೇಲ್ಮೈ ಚಿತ್ರಗಳು) ಹಿಡಿಸುವುದಿಲ್ಲ. ಹೆಚ್ಚಾದದ್ದು ಕಾರ್ಡನ್ನೂ ಬೋರ್ಡನ್ನೂ ಸೇರಿಸುವ ಪಿಸಿಐಇ ದಾರಿಯಲ್ಲಿ ಸಾಮಾನ್ಯ ರ‍್ಯಾಮಿಗೆ ಹೋಗಿ ಬರಬೇಕಾಗುತ್ತದೆ. ಸರಾಸರಿ ಎಫ್‌ಪಿಎಸ್ ಚೆನ್ನಾಗಿ ಕಂಡರೂ ಆಟ ನಡುನಡುವೆ ತಡವರಿಸುವುದು ಇದರಿಂದಲೇ. ಆರ್‌ಎಕ್ಸ್ 6500 ಎಕ್ಸ್‌ಟಿಗೆ ಈ ಕಷ್ಟ ಎರಡು ಪಟ್ಟು: ಮೆಮೊರಿ 4 ಜಿಬಿ, ಪಿಸಿಐಇ ಲೇನುಗಳೂ ನಾಲ್ಕೇ. ಹಳೆಯ, ನಿಧಾನದ ಪಿಸಿಐಇ 3.0 ಇರುವ ಬಿ450 ಬೋರ್ಡಿನಲ್ಲಿ ಅದು ಇನ್ನಷ್ಟು ಸೊರಗುತ್ತದೆ. ಆರ್‌ಎಕ್ಸ್ 6600ಕ್ಕೆ ಎಂಟು ಲೇನು, 8 ಜಿಬಿ ಇರುವುದರಿಂದ ಅದೇ ಬೋರ್ಡಿನಲ್ಲಿ ನಷ್ಟ ಅಲ್ಪ. ಇದು ಎಳೆಯುವುದು 132 ವ್ಯಾಟ್, ಬೇಕಾಗುವುದು ಒಂದೇ 8 ಪಿನ್ನಿನ ಕೇಬಲ್.

ಆರ್‌ಟಿಎಕ್ಸ್ 3050 ಎಂದು ಕೊಟೇಶನ್ ಕೊಟ್ಟರೆ 6 ಜಿಬಿಯೋ 8 ಜಿಬಿಯೋ ಎಂದು ಕೇಳಿ. ಹೆಸರು ಒಂದೇ, ಒಳಗಿನ ಸರಕು ಬೇರೆ: 8 ಜಿಬಿಯದರಲ್ಲಿ 2560 ಕೋರು (ಲೆಕ್ಕ ಮಾಡುವ ಘಟಕ), 6 ಜಿಬಿಯದರಲ್ಲಿ 2304, ಮೆಮೊರಿ ದಾರಿಯೂ ಕಿರಿದು. ಆದರೂ 6 ಜಿಬಿಯದಕ್ಕೆ ಒಂದು ಜಾಗವಿದೆ. ಅದು 70 ವ್ಯಾಟಿನದು, ಪ್ರತ್ಯೇಕ ಕೇಬಲ್ ಬೇಡ, ಹಾಗಾಗಿ ಆಫೀಸಿನಿಂದ ಹೊರಬಿದ್ದ ಹಳೆಯ ಬ್ರಾಂಡೆಡ್ ಪಿಸಿಗೆ ಸಲ್ಲುತ್ತದೆ. ಆಟದ ಜೊತೆ ಬ್ಲೆಂಡರ್ ಅಥವಾ ವಿಡಿಯೋ ಎಡಿಟಿಂಗ್ ಕೆಲಸವೂ ಇದ್ದರೆ ಎನ್‌ವಿಡಿಯಾ ಕಡೆಗೇ ಹೋಗುವುದು ಲೇಸು. ಬರೀ ಆಟಕ್ಕೆ 2024ರ ಆ ದರದಲ್ಲಿ 6600 ಮುಂದಿತ್ತು.

ಸೆಕೆಂಡ್ ಹ್ಯಾಂಡ್ ಕಾರ್ಡ್ ವಿಷಯ ರ‍್ಯಾಮಿನ ಹಾಗಲ್ಲ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಮೈನಿಂಗ್ ನಿಂತ ಮೇಲೆ ಹಗಲೂ ರಾತ್ರಿ ದುಡಿದ ಕಾರ್ಡುಗಳು ಮಾರುಕಟ್ಟೆಗೆ ಬಂದವು. ಆರ್‌ಎಕ್ಸ್ 580 ಎಂದು ಮಾರುವುದರಲ್ಲಿ 2048ಎಸ್‌ಪಿ ಎಂಬ ತಳಿ ಇದೆ, ಅದರ ಕೋರುಗಳ ಸಂಖ್ಯೆ 570ರದ್ದು. ಹಳೆಯ ಚಿಪ್ಪಿಗೆ ಹೊಸ ಹೆಸರಿನ ಬಯಾಸ್ (ಒಳಗಿನ ಮೂಲ ತಂತ್ರಾಂಶ) ತುಂಬಿದ ನಕಲಿ ಕಾರ್ಡುಗಳೂ ಓಡಾಡುತ್ತಿವೆ. ಕೊಳ್ಳುವ ಮುಂಚೆ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್‌ನಲ್ಲಿ ಹೆಸರು, ಕೋರ್ ಸಂಖ್ಯೆ, ಮೆಮೊರಿ ಬಗೆ ನೋಡಿ. ನಕಲಿ ಬಯಾಸನ್ನು ಅದು ಬಹುಪಾಲು ಹಿಡಿದುಹಾಕುತ್ತದೆ. ಆಮೇಲೆ ಕಾರ್ಡಿಗೆ ಪೂರ್ತಿ ಹೊರೆ ಹಾಕಿ ಪರೀಕ್ಷಿಸುವ ಫರ್‌ಮಾರ್ಕ್ ಕಾಲು ಗಂಟೆ. ಪರದೆಯಲ್ಲಿ ಬಣ್ಣದ ಚುಕ್ಕೆ ಬಂದರೆ, ಫ್ಯಾನ್ ಕರಕರ ಎಂದರೆ ಎದ್ದು ಬನ್ನಿ.

ಪ್ರೊಸೆಸರಿನಲ್ಲಿ ಕಣ್ಣು ತಪ್ಪುವುದು ಹೆಸರಿನ ಕೊನೆಯ ಅಕ್ಷರದಲ್ಲಿ. 5600ಕ್ಕೆ 32 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ), 5600ಜಿ ಮತ್ತು 5500ಕ್ಕೆ 16 ಎಂಬಿ. ಆಟದಲ್ಲಿ ಈ ಅಂತರ ಕಾಣುತ್ತದೆ. 5600ಜಿ ತೆಗೆದುಕೊಳ್ಳುವುದಕ್ಕೆ ಒಂದೇ ಕಾರಣ: ಒಳಗೇ ಗ್ರಾಫಿಕ್ಸ್ ಇದೆ, ಕಾರ್ಡನ್ನು ಆರು ತಿಂಗಳು ಬಿಟ್ಟು ಕೊಳ್ಳಬಹುದು. 5600ರಲ್ಲಿ ಅದಿಲ್ಲ. ಇಂಟೆಲ್‌ನ ಐ3 12100ಎಫ್‌ನಲ್ಲೂ ಇಲ್ಲ. ಕಾರ್ಡ್ ಸರ್ವಿಸಿಗೆ ಹೋದರೆ ಪಿಸಿಯೇ ಕುರುಡು. ಬಜೆಟ್ ಇನ್ನೂ ಇಳಿಸಲೇಬೇಕು ಎಂದಾದರೆ ನಾಲ್ಕು ಕೋರಿನ 12100ಎಫ್ ಸಾಕು, ಕಾರ್ಡಿನ ದುಡ್ಡಿಗೆ ಕೈ ಹಾಕಬೇಡಿ.

5600 ಕೂರುವುದು ಎಎಂ4 ಸಾಕೆಟ್ಟಿನ ಬೋರ್ಡಿನಲ್ಲಿ. ಹೊಸ ಸಾಕೆಟ್ಟಾದ ಎಎಂ5 ಯಾಕಲ್ಲ ಎಂದು ಎಲ್ಲರೂ ಕೇಳುತ್ತಾರೆ. ಬೋರ್ಡು, ಡಿಡಿಆರ್5 ಎರಡೂ ದುಬಾರಿ, ಆ ಹೆಚ್ಚುವರಿ ಹಣ ಕಾರ್ಡಿನಿಂದಲೇ ಕಿತ್ತು ಬರಬೇಕು. ಎರಡು ವರ್ಷದಲ್ಲಿ ಪ್ರೊಸೆಸರ್ ಬದಲಿಸುವ ಯೋಚನೆ ನಿಜಕ್ಕೂ ಇದ್ದವರು ಎಎಂ5ಗೆ ಹೋಗಲಿ. ಬಹಳ ಜನಕ್ಕೆ ಆ ಯೋಚನೆ ಕೊಳ್ಳುವ ದಿನ ಮಾತ್ರ ಇರುತ್ತದೆ.

ಬಿ450 ಕೊಳ್ಳುವಾಗ ಡಬ್ಬಿಯ ಮೇಲೆ ರೈಜನ್ 5000 ರೆಡಿ ಎಂಬ ಚೀಟಿ ಇರಬೇಕು. ಹಳೆಯ ಸ್ಟಾಕಿನ ಬೋರ್ಡಿನ ಬಯಾಸಿಗೆ 5600 ಗುರುತೇ ಸಿಗುವುದಿಲ್ಲ, ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ಅಪ್‌ಡೇಟ್ ಮಾಡಿಕೊಡಿ ಎಂದು ಅಂಗಡಿಯಲ್ಲೇ ಹೇಳಿ. ಎಸ್‌ಪಿ ರೋಡಿನಲ್ಲಿ ನಾಲ್ಕಾರು ಅಂಗಡಿ ಸುತ್ತಿ ಕೊಟೇಶನ್ ತೆಗೆದುಕೊಳ್ಳಿ, ಪ್ರತಿ ಭಾಗಕ್ಕೂ ಪೂರ್ತಿ ಮಾಡೆಲ್ ನಂಬರ್ ಬರೆಸಿ. “550 ವ್ಯಾಟ್ ಎಸ್‌ಎಂಪಿಎಸ್” ಎಂದಷ್ಟೇ ಬರೆದ ಸಾಲಿನಲ್ಲೇ ಅವರ ಲಾಭ ಅಡಗಿರುತ್ತದೆ. ಬಿಲ್ಲಿಲ್ಲದೆ ಕಡಿಮೆಗೆ ಕೊಡುತ್ತೇನೆ ಎಂದರೆ ಬೇಡ ಎನ್ನಿ. ಸೀರಿಯಲ್ ನಂಬರ್ ನಮೂದಾದ ಜಿಎಸ್‌ಟಿ ಬಿಲ್ಲೇ ವಾರಂಟಿಗೆ ಆಧಾರ. ಡಬ್ಬಿಯಿಲ್ಲದ ಟ್ರೇ ಪ್ರೊಸೆಸರಿಗೆ ಕಂಪನಿಯ ಮೂರು ವರ್ಷದ ವಾರಂಟಿ ಇಲ್ಲ, ಕೂಲರೂ ಬರುವುದಿಲ್ಲ.

ಇನ್ನು ಎಸ್‌ಎಂಪಿಎಸ್. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಎಂಬಂತೆ ಬರುವ 450 ವ್ಯಾಟಿನವು ಮೇಲೆ ಬರೆದಷ್ಟು ಹೊರೆಯನ್ನು ಹೊರುವುದೇ ಇಲ್ಲ. ಅದು ಸುಡುವಾಗ ಬೋರ್ಡು, ಕಾರ್ಡು ಎರಡನ್ನೂ ಕರೆದುಕೊಂಡು ಹೋಗಬಹುದು. ಈ ಪಿಸಿ ಆಟದ ಹೊತ್ತಿನಲ್ಲಿ ಎಳೆಯುವುದು 250 ವ್ಯಾಟಿನ ಸುತ್ತಮುತ್ತ, 550 ಧಾರಾಳ. 80 ಪ್ಲಸ್ ಬ್ರಾಂಜ್ ಎಂಬ ಮುದ್ರೆ ಹೇಳುವುದು ಎಷ್ಟು ಕರೆಂಟ್ ಬಿಸಿಯಾಗಿ ಪೋಲಾಗುತ್ತದೆ ಎಂಬುದನ್ನಷ್ಟೇ, ರಕ್ಷಣೆಯ ಬಗ್ಗೆ ಏನೂ ಹೇಳುವುದಿಲ್ಲ. ನಾನು ನೋಡುವುದು ಬದಿಯ ಚೀಟಿಯಲ್ಲಿ 12 ವೋಲ್ಟಿನ ಸಾಲಿಗೆ ಎಷ್ಟು ವ್ಯಾಟ್ ಕೊಟ್ಟಿದ್ದಾರೆ ಎಂದು. 550ರಲ್ಲಿ 500ಕ್ಕಿಂತ ಹೆಚ್ಚು ಅಲ್ಲಿರಬೇಕು, ಐದು ವರ್ಷದ ವಾರಂಟಿ ಇರಬೇಕು.

ನಮ್ಮ ಊರುಗಳಲ್ಲಿ ಕರೆಂಟ್ ಹೋಗುವುದು ಇದ್ದದ್ದೇ. 600 ವಿಎ ಯುಪಿಎಸ್ ಎಂದರೆ ಸಾಮಾನ್ಯವಾಗಿ 360 ವ್ಯಾಟ್. ಲೆಕ್ಕಕ್ಕೆ ಸಾಕೆನಿಸಿದರೂ ಕಾರ್ಡು ಕ್ಷಣಮಾತ್ರ ಹೆಚ್ಚು ಎಳೆದಾಗ ಬೀಪ್ ಎಂದು ಆಫ್ ಆಗುತ್ತದೆ. 1000 ವಿಎ ಹಾಕಿದರೆ ಆಟ ಸೇವ್ ಮಾಡಿ ಶಟ್‌ಡೌನ್ ಮಾಡುವಷ್ಟು ಹೊತ್ತು ಸಿಗುತ್ತದೆ. ಮನೆಯಲ್ಲಿ ಸೈನ್‌ವೇವ್ ಇನ್ವರ್ಟರ್ ಇದ್ದರೆ ಅದರ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ತಿರುಗಿಸಿ ನೋಡಿ. ಎಸ್‌ಎಂಪಿಎಸ್ ಕರೆಂಟಿಲ್ಲದೆ ತಡೆಯುವುದು ಹೆಚ್ಚೆಂದರೆ 15-20 ಮಿಲಿಸೆಕೆಂಡ್. ಸಾಮಾನ್ಯ ಮೋಡಿನಲ್ಲಿ ಇನ್ವರ್ಟರ್ ಬದಲಾಗುವುದರೊಳಗೆ ಪಿಸಿ ರೀಸ್ಟಾರ್ಟ್ ಆಗಿರುತ್ತದೆ. ಸ್ಕ್ವೇರ್‌ವೇವ್ ಇನ್ವರ್ಟರಿಗೆ ಹಾಕಲೇಬೇಡಿ.

ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ ಎನ್ನುತ್ತದೆಯೇ? ಪಿಸಿ ಕೆಟ್ಟಿಲ್ಲ, ಅರ್ಥಿಂಗ್ ಇಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರಿನ ಕೆಪಾಸಿಟರುಗಳು ಫೇಸ್ ಮತ್ತು ನ್ಯೂಟ್ರಲ್ ಎರಡಕ್ಕೂ ಕ್ಯಾಬಿನೆಟ್ಟಿನ ಮೈಗೂ ನಡುವೆ ಕೂತಿರುತ್ತವೆ. ಅರ್ಥ್ ವೈರಿಲ್ಲದಿದ್ದರೆ ಮೈ ಮೇಲೆ 230ರ ಅರ್ಧದಷ್ಟು, ಸುಮಾರು 110 ವೋಲ್ಟ್ ನಿಲ್ಲುತ್ತದೆ. ಕರೆಂಟಿನ ಪ್ರಮಾಣ ಸಣ್ಣದು, ಆದರೆ ಎಚ್‌ಡಿಎಂಐ ಕೇಬಲ್ ಚುಚ್ಚುವ ಗಳಿಗೆಯಲ್ಲಿ ಪೋರ್ಟ್ ಸುಡಲು ಅಷ್ಟು ಸಾಕು. ಮಲ್ಟಿಮೀಟರಿನಲ್ಲಿ ಫೇಸ್–ಅರ್ಥ್ ನಡುವೆ 230ರ ಆಸುಪಾಸು, ನ್ಯೂಟ್ರಲ್–ಅರ್ಥ್ ನಡುವೆ ಒಂದೆರಡು ವೋಲ್ಟ್ ತೋರಿಸಬೇಕು. ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ. ಸಾಕೆಟ್ಟಿನಲ್ಲೇ ನ್ಯೂಟ್ರಲ್ಲನ್ನು ಅರ್ಥ್ ಪಿನ್ನಿಗೆ ಜೋಡಿಸುವ ಶಾರ್ಟ್‌ಕಟ್ ಕೆಲವರು ಮಾಡುತ್ತಾರೆ. ನ್ಯೂಟ್ರಲ್ ಕಡಿದ ದಿನ ಇಡೀ ಕ್ಯಾಬಿನೆಟ್ ಫೇಸಿಗೆ ಬರುತ್ತದೆ, ಮುಟ್ಟಿದವರ ಜೀವಕ್ಕೆ ಅಪಾಯ.

ಜೋಡಿಸುವ ಕೆಲಸ ಕಷ್ಟದ್ದಲ್ಲ, ಆದರೆ ಕ್ರಮ ಬೇಕು. ಬೋರ್ಡನ್ನು ಅದರ ರಟ್ಟಿನ ಡಬ್ಬಿಯ ಮೇಲಿಟ್ಟು ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ, ಕೂಲರ್ ಎಲ್ಲ ಹೊರಗೇ ಕೂರಿಸಿ. ಎಎಂ4ನಲ್ಲಿ ಪಿನ್ನುಗಳು ಪ್ರೊಸೆಸರಿನ ಅಡಿಯಲ್ಲಿರುತ್ತವೆ. ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ ಬಿಟ್ಟರೆ ತಾನಾಗಿ ಕೂರಬೇಕು, ಒತ್ತಬಾರದು. ಜೊತೆಗೆ ಬರುವ ವ್ರೇತ್ ಸ್ಟೆಲ್ತ್ ಕೂಲರಿಗೆ ಬೋರ್ಡಿನ ಮೇಲಿರುವ ಎರಡು ಪ್ಲಾಸ್ಟಿಕ್ ಪಟ್ಟಿಗಳನ್ನು ಬಿಚ್ಚಬೇಕು. ಬಿಚ್ಚುವಾಗ ಹಿಂದಿನ ಲೋಹದ ತಟ್ಟೆ ಕೆಳಗೆ ಬೀಳುತ್ತದೆ, ಕೈಯಲ್ಲಿ ಹಿಡಿದಿರಿ. ಶಾಖ ದಾಟಿಸುವ ಪೇಸ್ಟ್ ಕೂಲರಿಗೆ ಮೊದಲೇ ಬಳಿದಿರುತ್ತದೆ, ಮುಟ್ಟಬೇಡಿ. ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ ಎರಡೆರಡು ಸುತ್ತು ತಿರುಗಿಸುತ್ತ ಬಿಗಿಯಿರಿ. ಮುಂದೆ ಎಂದಾದರೂ ಕೂಲರ್ ಕೀಳುವುದಿದ್ದರೆ ಹತ್ತು ನಿಮಿಷ ಆಟ ಓಡಿಸಿ, ಪೇಸ್ಟ್ ಬಿಸಿಯಾದ ಮೇಲೆ ಪಿಸಿ ಆಫ್ ಮಾಡಿ, ಪ್ಲಗ್ ಕಿತ್ತು, ಕೂಲರನ್ನು ತಿರುಚಿ ಎತ್ತಿ. ನೇರ ಎಳೆದರೆ ಪ್ರೊಸೆಸರೂ ಅಂಟಿಕೊಂಡು ಬಂದು ಪಿನ್ನು ಬಾಗುತ್ತದೆ.

ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ರ‍್ಯಾಮ್ ಹೋಗಬೇಕಾದ್ದು ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೆಯದು ಮತ್ತು ನಾಲ್ಕನೆಯದಕ್ಕೆ. ಮೊದಲೆರಡಕ್ಕೋ ಕೊನೆಯೆರಡಕ್ಕೋ ಹಾಕಿದರೆ ಸಿಂಗಲ್ ಚಾನೆಲ್, ಬ್ಯಾಂಡ್‌ವಿಡ್ತ್ ಅರ್ಧ. ಎಸ್‌ಎಸ್‌ಡಿ ಪ್ರೊಸೆಸರಿನ ಹತ್ತಿರದ ಎಂ.2 ಸ್ಲಾಟಿಗೆ. ಈಗಲೇ ಕಾರ್ಡ್ ಚುಚ್ಚಿ, ಎಸ್‌ಎಂಪಿಎಸ್ ಜೋಡಿಸಿ, ಪವರ್ ಸ್ವಿಚ್ಚಿನ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿ. ಪರದೆಯಲ್ಲಿ ಬಯಾಸ್ ಬಂದ ಮೇಲೆ ಕ್ಯಾಬಿನೆಟ್ಟಿಗಿಳಿಸಿ. ಮೊದಲ ಸಲ ರ‍್ಯಾಮ್ ಟ್ರೇನಿಂಗಿಗೆ (ಬೋರ್ಡು ಅದಕ್ಕೆ ಹೊಂದಿಕೊಳ್ಳಲು) ಒಂದೆರಡು ನಿಮಿಷ ಪರದೆ ಕಪ್ಪಾಗೇ ಇರಬಹುದು, ಗಾಬರಿಯಿಂದ ಆಫ್ ಮಾಡಬೇಡಿ. ಬೋರ್ಡಿನಲ್ಲಿ ಸಣ್ಣ ಡೀಬಗ್ ದೀಪಗಳಿದ್ದರೆ ಯಾವುದು ಉರಿದು ನಿಂತಿದೆ ನೋಡಿ. ರ‍್ಯಾಮ್ ದೀಪವಾದರೆ ಕಿತ್ತು ಕ್ಲಿಕ್ ಎನ್ನುವ ತನಕ ಮತ್ತೆ ಒತ್ತಿ. ಹತ್ತರಲ್ಲಿ ಎಂಟು ಸಲ ಅಷ್ಟೇ ಇರುತ್ತದೆ.

ಕ್ಯಾಬಿನೆಟ್ಟಿನಲ್ಲಿ ಬೋರ್ಡಿನ ತೂತಿಲ್ಲದ ಕಡೆ ಹಿತ್ತಾಳೆಯ ಸ್ಟ್ಯಾಂಡ್‌ಆಫ್ (ಬೋರ್ಡನ್ನು ಎತ್ತಿ ಹಿಡಿಯುವ ಗೂಟ) ಉಳಿದಿದ್ದರೆ ತೆಗೆದುಹಾಕಿ, ಹಿಂದಿನಿಂದ ಶಾರ್ಟ್ ಆಗುತ್ತದೆ. ಬೋರ್ಡ್ ಬಿಗಿಯುವ ಮೊದಲೇ ಹಿಂಬದಿಯ ತಗಡಿನ ಶೀಲ್ಡ್ ಕೂರಿಸಿ, ಮೇಲಿನ ಎಡಮೂಲೆಯ 8 ಪಿನ್ ಸಿಪಿಯು ಕೇಬಲ್ ಎಳೆದಿಟ್ಟುಕೊಳ್ಳಿ. ಆ ಕೇಬಲ್ 4+4, ಕಾರ್ಡಿನದು 6+2. ಎರಡೂ ಒಂದೇ ಥರ ಕಂಡರೂ ಒಳಗೆ ಪಾಸಿಟಿವ್, ಗ್ರೌಂಡ್ ಅದಲುಬದಲು. ಹೋಗುತ್ತಿಲ್ಲ ಎಂದು ಬಲ ಹಾಕಿದರೆ ಕಾರ್ಡ್ ಸುಟ್ಟಂತೆಯೇ.

ದುಡ್ಡು ಕೊಟ್ಟ ವೇಗ ಸೋರಿಹೋಗುವುದು ಇದಾದ ಮೇಲೆ. ಬಯಾಸಿನಲ್ಲಿ ಎಕ್ಸ್‌ಎಂಪಿ (ಮೆಮೊರಿಯನ್ನು ಅದರ ಪೂರ್ತಿ ವೇಗಕ್ಕೇರಿಸುವ ಸೆಟ್ಟಿಂಗ್) ಆನ್ ಮಾಡದಿದ್ದರೆ 3200ರ ರ‍್ಯಾಮ್ 2133 ಅಥವಾ 2666ರಲ್ಲೇ ತೆವಳುತ್ತದೆ. ಆನ್ ಮಾಡಿದ ಮೇಲೂ ವೇಗ ತೋರಿಸುವ ಸಿಪಿಯು-ಝಡ್ ತಂತ್ರಾಂಶ 1600 ಎಂದು ತೋರಿಸಿದರೆ ಅದು ಸರಿಯೇ, ಎರಡರಿಂದ ಗುಣಿಸಿ. ಕಾರ್ಡಿನ ಮೆಮೊರಿಯನ್ನು ಪ್ರೊಸೆಸರಿಗೆ ಪೂರ್ತಿ ತೆರೆದುಕೊಡುವ ರೀಸೈಜಬಲ್ ಬಾರ್ ಆನ್ ಮಾಡಿ, ಆರ್‌ಎಕ್ಸ್ 6600ಕ್ಕೆ ಇದರಿಂದ ಪುಕ್ಕಟೆ ಲಾಭವಿದೆ. ಭದ್ರತೆಯ ಸೆಟ್ಟಿಂಗುಗಳಾದ ಎಫ್‌ಟಿಪಿಎಂ, ಸೆಕ್ಯೂರ್ ಬೂಟ್ ಕೂಡ ಬೇಕು. ಇವಿಲ್ಲದೆ ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಶುರುವಾಗುವುದಿಲ್ಲ. ಲಿನಕ್ಸಿನಲ್ಲಂತೂ ಅದು ಓಡುವುದೇ ಇಲ್ಲ. ಮಾನಿಟರ್ ಕೇಬಲ್ ಬೋರ್ಡಿಗಲ್ಲದೆ ಕಾರ್ಡಿಗೇ ಹೋಗಬೇಕು, ಸಾಧ್ಯವಾದರೆ ಡಿಸ್‌ಪ್ಲೇ ಪೋರ್ಟಿನಿಂದ. ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ರಿಫ್ರೆಶ್ ರೇಟ್ ಕೈಯಾರೆ 144ಕ್ಕೆ ಏರಿಸಿ. ವರ್ಷಗಟ್ಟಲೆ 60ರಲ್ಲೇ ಆಡಿದವರಿದ್ದಾರೆ.

5600ರ ಗರಿಷ್ಠ ಮಿತಿ 90 ಡಿಗ್ರಿ. ಬೆಂಗಳೂರಿನ ಹವೆಗೆ ಡಬ್ಬಿಯ ಕೂಲರ್ ಸಾಕು. ರಾಯಚೂರು, ಕಲಬುರಗಿಯ ಬೇಸಿಗೆಗೆ ಒಂದೂವರೆ–ಎರಡು ಸಾವಿರದ ಟವರ್ ಕೂಲರ್ ಹಾಕಿ, ಮುಂದೆ ಎರಡು ಫ್ಯಾನ್ ಒಳಕ್ಕೆ, ಹಿಂದೆ ಒಂದು ಹೊರಕ್ಕೆ. ಮೂರು ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದಿರಿ, ಗಾಳಿಗೆ ಅಳತೆ ಮೀರಿ ತಿರುಗಿದರೆ ಬೇರಿಂಗ್ ಹೋಗುತ್ತದೆ. ಡಬ್ಬಿಗಳನ್ನು ಅಟ್ಟಕ್ಕೆ ಹಾಕಿ, ಗುಜರಿಗೆ ಬೇಡ. ಪಿಸಿಯನ್ನು ಬಸ್ಸಿನಲ್ಲಿ ಊರಿಗೆ ಸಾಗಿಸುವುದಿದ್ದರೆ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಅದರ ಡಬ್ಬಿಯಲ್ಲೇ ಇಟ್ಟು ಕೈಯಲ್ಲಿ ಹಿಡಿದುಕೊಳ್ಳಿ, ಕ್ಯಾಬಿನೆಟ್ಟನ್ನು ಬೋರ್ಡು ಕೆಳಗೆ ಬರುವಂತೆ ಮಲಗಿಸಿ.