ಹೆಸರು ಬಿಟ್ಟು ಜಮೀನು ಹಿಡಿದೆ: ಇಂಗ್ಲೆಂಡಿನ ಕೆಂಟ್‌ನ ಹ್ಯಾರಿಸ್ ಮನೆತನ ಹುಡುಕಿದ ನನ್ನ ಅನುಭವ

ನಾನು ಮೈಸೂರಿನಲ್ಲಿ ವಕೀಲ. ನನ್ನ ಹೆಚ್ಚಿನ ಕೆಲಸ ಆಸ್ತಿ ಪತ್ರ ನೋಡುವುದು. ಯಾರಾದರೂ ಸೈಟೋ ಜಮೀನೋ ಕೊಳ್ಳುವ ಮುಂಚೆ ಮೂಲ ಪತ್ರ, ಇಸಿ, ಪಹಣಿ ಎಲ್ಲ ತಿರುವಿ ಹಾಕಿ, ಕೊನೆಗೆ ಪೇಪರಿನಲ್ಲಿ ಒಂದು ಪ್ರಕಟಣೆ ಕೊಡುತ್ತೇವೆ. 'ಈ ಕೆಳಕಂಡ ಷೆಡ್ಯೂಲ್ ಸ್ವತ್ತಿನ ಮೇಲೆ ಯಾರಿಗಾದರೂ ತಕರಾರು ಇದ್ದಲ್ಲಿ ಏಳು ದಿನದೊಳಗೆ ತಿಳಿಸತಕ್ಕದ್ದು' ಅಂತ ಇರುತ್ತದಲ್ವಾ, ಅದೇ. ಬಹಳ ಜನ ಆ ಪುಟ ಮಡಚಿ ಪಕ್ಕಕ್ಕಿಡುತ್ತಾರೆ. ನಾನು ಮೊದಲು ಓದುವುದೇ ಅದನ್ನು.

ಹುಟ್ಟಿದ ಊರು ಶ್ರೀರಂಗಪಟ್ಟಣ. ಚಿಕ್ಕವನಿದ್ದಾಗ ಕೋಟೆ ಒಡೆದ ಜಾಗದಲ್ಲೇ ನಮ್ಮ ಆಟ. 1799ರ ಮೇ 4ರಂದು ಏನಾಯಿತು ಅನ್ನುವುದು ಊರಿನ ಮಕ್ಕಳಿಗೆಲ್ಲ ಬಾಯಿಪಾಠ: ಬ್ರಿಟಿಷರ ಸೈನ್ಯ ಕೋಟೆ ಗೆದ್ದಿತು, ಟಿಪ್ಪು ಸತ್ತ. ಕೋಟೆಗೆ ನುಗ್ಗಿದ ದಂಡಿನ ಮುಂದೆ ಇದ್ದವನು ಬೇರ್ಡ್. ಇಡೀ ಸೈನ್ಯದ ದಂಡನಾಯಕ ಜನರಲ್ ಜಾರ್ಜ್ ಹ್ಯಾರಿಸ್. ನಮ್ಮ ಪಾಠದಲ್ಲಿ ಅವನಿಗೆ ಸಿಗುತ್ತಿದ್ದದ್ದು ಒಂದೇ ಸಾಲು. ಆಮೇಲೆ ಅವನು ಎಲ್ಲಿಗೆ ಹೋದ, ಏನಾದ ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕೇಳಬೇಕು ಅನ್ನಿಸಿದ್ದು ಅವನ ಬಿರುದು ಓದಿದ ದಿನ. 1815ರ ಆಗಸ್ಟ್‌ನಲ್ಲಿ ಅವನಿಗೆ ಬ್ಯಾರನ್ ಪದವಿ ಕೊಟ್ಟರು. ಬಿರುದು ಹೀಗಿದೆ: 'ಈಸ್ಟ್ ಇಂಡೀಸ್‌ನ ಸೆರಿಂಗಪಟಂ ಮತ್ತು ಮೈಸೂರಿನ, ಹಾಗೂ ಕೆಂಟ್ ಕೌಂಟಿಯ ಬೆಲ್ಮಾಂಟ್‌ನ ಬ್ಯಾರನ್ ಹ್ಯಾರಿಸ್'. ನನ್ನ ಊರು, ನಾನು ಕೆಲಸ ಮಾಡುವ ಊರು, ಜೊತೆಗೆ ನಾನು ಕೇಳೇ ಇಲ್ಲದ ಇನ್ನೊಂದು ಊರು, ಮೂರೂ ಒಂದೇ ಸಾಲಿನಲ್ಲಿ. ಆ ಬೆಲ್ಮಾಂಟ್ ಎಲ್ಲಿದೆ? ಇವನ ಕೈಗೆ ಹೇಗೆ ಬಂತು? ನಮ್ಮ ಕಸುಬಿನಲ್ಲಿ ಮೊದಲು ಕೇಳುವ ಪ್ರಶ್ನೆಯೇ ಅದು.

ಶುರು ಮಾಡಿದ್ದು ಲಂಡನ್ ಗೆಜೆಟ್‌ನಿಂದ. 1665ರಿಂದ ನಡೆದುಕೊಂಡು ಬಂದಿರುವ ಸರ್ಕಾರಿ ಪತ್ರಿಕೆ. ಹಳೇ ಸಂಚಿಕೆಗಳೆಲ್ಲ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಪದವಿ, ಹೆಸರು ಬದಲಾವಣೆ, ದಿವಾಳಿ, ಸತ್ತವರಿಗೆ ಸಾಲ ಕೊಟ್ಟವರಿಗೆ ಕರೆ, ಎಲ್ಲ ಅಲ್ಲಿ. ಆಮೇಲೆ ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್, ಹಳೇ ಪತ್ರಿಕೆಗಳ ಅಂತರ್ಜಾಲ ಸಂಗ್ರಹ. ಅದಕ್ಕೆ ದುಡ್ಡು ಕಟ್ಟಬೇಕು. ಆದರೆ ಹುಡುಕುವುದಕ್ಕೆ ದುಡ್ಡು ಬೇಡ, ಹೆಚ್ಚಿನ ಪುಟಗಳನ್ನು ತೆರೆಯುವುದಕ್ಕೆ ಮಾತ್ರ ಬೇಕು. ಹುಡುಕಿದರೆ ಸುದ್ದಿಯ ಒಂದೆರಡು ಸಾಲು ಕಾಣುತ್ತದೆ. ನಾನು ಆ ತುಣುಕುಗಳನ್ನೆಲ್ಲ ಮೂರು ತಿಂಗಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ಪತ್ರಿಕೆಯ ಹೆಸರು, ತಾರೀಕು, ಪುಟದ ಸಮೇತ. ಆಮೇಲೆ ಒಂದೇ ತಿಂಗಳಿಗೆ ಚಂದಾ ಕಟ್ಟಿ, ಪಟ್ಟಿ ಇಟ್ಟುಕೊಂಡು ಪುಟಗಳನ್ನು ಇಳಿಸಿಕೊಂಡೆ. ಮೊದಲೇ ಚಂದಾ ಕಟ್ಟಿ ಸುಮ್ನೆ ಅಲೆದಾಡಬೇಡಿ.

ಆದರೆ ಮೊದಲ ಎರಡು ತಿಂಗಳು ಸರಿಯಾಗಿ ಏನೂ ಸಿಗಲಿಲ್ಲ. 'ಹ್ಯಾರಿಸ್' ಎಂದು ಹುಡುಕಿದರೆ ಸಾವಿರಾರು ಹ್ಯಾರಿಸ್‌ಗಳು. ಬಟ್ಟೆ ಅಂಗಡಿ ಹ್ಯಾರಿಸ್, ಕುದುರೆ ಕಳ್ಳ ಹ್ಯಾರಿಸ್. 'ಸೆರಿಂಗಪಟಂ' ಎಂದು ಹುಡುಕಿದರೆ ಹಡಗುಗಳು! ನಮ್ಮೂರಿನ ಹೆಸರಿನ ಯುದ್ಧನೌಕೆಯೊಂದನ್ನು 1819ರಲ್ಲಿ ಬಾಂಬೆಯಲ್ಲಿ ಕಟ್ಟಿದ್ದರು. ಅದು ಯಾವ ಬಂದರಿಗೆ ಬಂತು, ಯಾವಾಗ ಹೊರಟಿತು ಎನ್ನುವ ಸುದ್ದಿಯೇ ಪುಟಗಟ್ಟಲೆ.

ನಮ್ಮ ಸೀನಿಯರ್ ಹತ್ತಿರ ಒಂದು ಸಂಜೆ ಇದನ್ನೆಲ್ಲ ಹೇಳಿಕೊಂಡೆ. ಅವರಿಗೆ ಎಪ್ಪತ್ತು ದಾಟಿದೆ, ಈಗಲೂ ದಿನಾ ಆಫೀಸಿಗೆ ಬರುತ್ತಾರೆ.

"ಏನಪ್ಪಾ, ಹೆಸರು ಹಿಡ್ಕೊಂಡು ಹೋದ್ರೆ ಪತ್ರ ಸಿಗುತ್ತೇನು? ಮಂಡ್ಯದಲ್ಲಿ ಎಷ್ಟು ಜನ ಸಿದ್ದೇಗೌಡ್ರಿಲ್ಲ? ಸರ್ವೆ ನಂಬರ್ ಹಿಡ್ಕೊಂಡು ಹೋಗು. ಆಳು ಬರ್ತಾನೆ, ಹೋಗ್ತಾನೆ. ಭೂಮಿ ಅಲ್ಲೇ ಇರುತ್ತೆ."

"ಅಲ್ಲಿ ಸರ್ವೆ ನಂಬರ್ ಇಲ್ಲ ಸಾರ್."

"ಊರಿನ ಹೆಸರಿದೆಯಲ್ಲ. ಚಕ್ಕುಬಂದಿ ನೋಡು."

ಇಪ್ಪತ್ತು ವರ್ಷದಿಂದ ನಾನು ಮಾಡುತ್ತಿದ್ದ ಕೆಲಸವನ್ನೇ ಅವರು ನೆನಪಿಸಿದ್ದು. ಮಾರನೇ ದಿನದಿಂದ ಹ್ಯಾರಿಸ್ ಹೆಸರು ಬಿಟ್ಟೆ. ಬೆಲ್ಮಾಂಟ್ ಅಂದರೆ ಊರಲ್ಲ, ಒಂದು ದೊಡ್ಡ ಮನೆ ಮತ್ತು ಅದರ ಜಮೀನು. ಇರುವುದು ಕೆಂಟ್‌ನಲ್ಲಿ, ಫ್ಯಾವರ್‌ಶಮ್ ಊರಿನ ಹತ್ತಿರ, ಥ್ರೋಲಿ ಎಂಬ ಹಳ್ಳಿಯಲ್ಲಿ. 'ಬೆಲ್ಮಾಂಟ್' ಒಂದೇ ಹಾಕಿದರೆ ಇಂಗ್ಲೆಂಡಿನ ಇತರ ಬೆಲ್ಮಾಂಟ್‌ಗಳೂ ಬರುತ್ತವೆ. ಬೆಲ್ಮಾಂಟ್ ಜೊತೆ ಫ್ಯಾವರ್‌ಶಮ್, ಅಥವಾ ಬರೀ ಥ್ರೋಲಿ ಎಂದು ಹಾಕಿದೆ. ಕ್ಯಾಂಟರ್ಬರಿಯಿಂದ 1768ರಿಂದ ಬರುತ್ತಿದ್ದ ಕೆಂಟಿಷ್ ಗೆಜೆಟ್ ಪತ್ರಿಕೆಗೆ ಹುಡುಕಾಟವನ್ನು ಸೀಮಿತ ಮಾಡಿದೆ. ಅಲ್ಲಿಂದ ಬಾಗಿಲು ತೆರೆಯಿತು.

ಮೊದಲು ತಿಳಿದದ್ದು, ಹ್ಯಾರಿಸ್ ಈ ಮನೆ ಕಟ್ಟಿದವನಲ್ಲ. ಅವನು ಹುಟ್ಟು ಜಮೀನುದಾರನೂ ಅಲ್ಲ. ಅವನ ಅಪ್ಪ ಕೆಂಟ್‌ನದೇ ಬ್ರಾಸ್ಟೆಡ್ ಹಳ್ಳಿಯ ಚರ್ಚಿನಲ್ಲಿ ಸಣ್ಣ ಪಾದ್ರಿ. ಬೆಲ್ಮಾಂಟ್ ಇದ್ದದ್ದು ಕರ್ನಲ್ ಜಾನ್ ಮಾಂಟ್ರೆಸರ್ ಎಂಬ ಸೈನ್ಯದ ಎಂಜಿನಿಯರ್ ಕೈಯಲ್ಲಿ. ಅವನು 1780ರಲ್ಲಿ ಕೊಂಡು, ಸ್ಯಾಮ್ಯುಯೆಲ್ ವಯಟ್ ಎಂಬ ವಾಸ್ತುಶಿಲ್ಪಿಯಿಂದ ದೊಡ್ಡದು ಮಾಡಿಸಿದ. ಅಮೆರಿಕದ ಯುದ್ಧಕಾಲದ ಲೆಕ್ಕಪತ್ರದ ವಿಷಯದಲ್ಲಿ ಸರ್ಕಾರಕ್ಕೂ ಅವನಿಗೂ ಜಗಳ ಬಿತ್ತು. ಆಸ್ತಿ ಜಪ್ತಿಯಾಯಿತು. 1799ರ ಜೂನ್‌ನಲ್ಲಿ ಮೇಡ್‌ಸ್ಟನ್ ಜೈಲಿನಲ್ಲಿ ಸತ್ತ. 1801ರಲ್ಲಿ ಬೆಲ್ಮಾಂಟ್ ಹರಾಜಿಗೆ ಬಂತು. ಕೊಂಡವನು ಇಂಡಿಯಾದಿಂದ ಮರಳಿದ್ದ ಜನರಲ್ ಹ್ಯಾರಿಸ್.

ಆ ತಾರೀಕುಗಳನ್ನು ಪಕ್ಕಪಕ್ಕ ಬರೆದಾಗ ಕೈ ನಿಂತಿತು. ಮೇ 4ರಂದು ಇಲ್ಲಿ ಟಿಪ್ಪು ಸತ್ತ. ಏಳೆಂಟು ವಾರದಲ್ಲಿ ಅಲ್ಲಿ ಮಾಂಟ್ರೆಸರ್ ಸತ್ತ. ಶ್ರೀರಂಗಪಟ್ಟಣ ಬಿದ್ದ ಸುದ್ದಿ ಲಂಡನ್ನಿಗೆ ಮುಟ್ಟಿದ್ದು ಸೆಪ್ಟೆಂಬರ್‌ನಲ್ಲಿ. ಮಾಂಟ್ರೆಸರ್ ಕಣ್ಣು ಮುಚ್ಚುವಾಗ ಆ ಸುದ್ದಿ ಇನ್ನೂ ಸಮುದ್ರದ ಮೇಲಿತ್ತು.

ಮಾಂಟ್ರೆಸರ್ ಹುಡುಕಿದ್ದರಲ್ಲಿ ಒಂದು ಪಾಠ ಕಲಿತೆ, ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆ ಕಾಲದ ಅಚ್ಚಿನಲ್ಲಿ 'ಎಸ್' ಅಕ್ಷರಕ್ಕೆ ಎರಡು ರೂಪ. ಪದದ ಶುರುವಿನಲ್ಲೂ ನಡುವಿನಲ್ಲೂ ಬರುವ ಉದ್ದನೆಯ ಎಸ್, ನೋಡಲು ಹೆಚ್ಚುಕಡಿಮೆ 'ಎಫ್' ಥರವೇ ಇರುತ್ತದೆ. ಮನುಷ್ಯ ಓದಿದರೆ ತಿಳಿಯುತ್ತದೆ. ಕಂಪ್ಯೂಟರ್ ಓದಿದರೆ ಎಫ್ ಎಂದೇ ಬರೆದುಕೊಳ್ಳುತ್ತದೆ. ಮಾಂಟ್ರೆಸರ್ ಹೋಗಿ 'ಮಾಂಟ್ರೆಫರ್' ಆಗುತ್ತಾನೆ. ನಮ್ಮ ಶಾಸನಗಳ ೞ, ಱ ಅಕ್ಷರಗಳನ್ನು ಗೊತ್ತಿಲ್ಲದವರು ಏನೋ ಎಂದು ಓದಿಕೊಳ್ಳುವುದಿಲ್ಲವೇ, ಹಾಗೆ. ಎಫ್ ಹಾಕಿ ಹುಡುಕಿದರೆ ಮುಂಚೆ ಕಾಣದ ಪುಟಗಳು ಕಾಣುತ್ತವೆ. 1800ರ ಆಸುಪಾಸಿನಲ್ಲಿ ಈ ಉದ್ದ ಎಸ್ ಪತ್ರಿಕೆಗಳಿಂದ ಮಾಯವಾಗುತ್ತದೆ. ಅದಕ್ಕೂ ಮುಂಚಿನದನ್ನು ಹುಡುಕುವವರು ಪ್ರತಿ ಹೆಸರನ್ನೂ ಎರಡು ಥರ ಹಾಕಿ ನೋಡಲೇಬೇಕು. ಹ್ಯಾರಿಸ್‌ಗೂ ಕಾಟ ಇದೆ. ಮಸಿ ಹರಡಿದ ಕಡೆ ಆರ್ ಮತ್ತು ಐ ಅಂಟಿಕೊಂಡು ಎಮ್ ಆಗಿ, 'ಹ್ಯಾಮ್ಸ್' ಎಂದು ದಾಖಲಾಗಿರುತ್ತದೆ.

ಇನ್ನೊಂದು ತೊಡಕು ಬಿರುದಿನದು. ಬ್ಯಾರನ್ ಆದವನನ್ನು 'ಲಾರ್ಡ್' ಎಂದು ಕರೆಯುತ್ತಾರೆ, ಪದವಿ ಅಪ್ಪನಿಂದ ಮಗನಿಗೆ ಹೋಗುತ್ತದೆ. 1815ಕ್ಕೆ ಮುಂಚೆ 'ಲಾರ್ಡ್ ಹ್ಯಾರಿಸ್' ಎಂದು ಹುಡುಕಿದರೆ ಇವನು ಸಿಗುವುದಿಲ್ಲ, 'ಜನರಲ್ ಹ್ಯಾರಿಸ್' ಎಂದು ಹುಡುಕಬೇಕು. ಆಮೇಲೆ ಅಪ್ಪ ಸತ್ತ ದಿನವೇ ಮಗ ಅದೇ 'ಲಾರ್ಡ್ ಹ್ಯಾರಿಸ್' ಆಗಿಬಿಡುತ್ತಾನೆ. ಮೊದಲನೆಯವನು ಸತ್ತದ್ದು 1829ರ ಮೇ 19, ಎರಡನೆಯವನು 1845, ಮೂರನೆಯವನು 1872ರ ನವೆಂಬರ್. ಈ ತಾರೀಕುಗಳನ್ನು ಗೋಡೆಗೆ ಅಂಟಿಸಿಕೊಂಡೆ. ಯಾವ ಪ್ರಕಟಣೆ ಯಾವ ಲಾರ್ಡ್‌ನದು ಎಂದು ತೀರ್ಮಾನಿಸುವ ಮುಂಚೆ ಗೋಡೆ ನೋಡುತ್ತಿದ್ದೆ.

ತಾರೀಕಿನ ವಿಷಯದಲ್ಲಿ ತುಂಬ ಹುಷಾರಾಗಿರಬೇಕು. ಸಾವಿನ ಪ್ರಕಟಣೆಗಳಲ್ಲಿ ತಾರೀಕಿಗಿಂತ 'ಕಳೆದ ಮಂಗಳವಾರ' ಎನ್ನುವುದೇ ಜಾಸ್ತಿ. 1829ರ ಮೇ 19 ಮಂಗಳವಾರವೇ. ಅದೇ ವಾರದ ಪತ್ರಿಕೆಯಲ್ಲಿ ಹಾಗೆ ಬಂದರೆ ಸರಿ. ಆದರೆ ಊರೂರಿನ ಪತ್ರಿಕೆಗಳು ಒಂದರಿಂದ ಒಂದು ನಕಲು ಮಾಡಿಕೊಳ್ಳುತ್ತಿದ್ದವು. ಮುಂದಿನ ವಾರದವರು ಅಕ್ಷರ ಬದಲಿಸದೆ 'ಕಳೆದ ಮಂಗಳವಾರ' ಎಂದೇ ಹಾಕಿದರೆ ಸತ್ತವನು ಒಂದು ವಾರ ಜಾಸ್ತಿ ಬದುಕಿರುತ್ತಾನೆ. ಹ್ಯಾರಿಸ್‌ಗಳ ನೆಂಟರೊಬ್ಬರ ವಿಷಯದಲ್ಲಿ ನಾನು ಹೀಗೆ ತಪ್ಪಿ, ಒಂದು ತಿಂಗಳು ತಪ್ಪು ತಾರೀಕಿನ ಸುತ್ತ ಹುಡುಕಿದೆ. ಐದು ಪತ್ರಿಕೆಯಲ್ಲಿ ಒಂದೇ ಮಾತು ಇದ್ದರೆ ಐದು ಸಾಕ್ಷಿ ಎಂದುಕೊಳ್ಳಬೇಡಿ. ಒಬ್ಬನೇ ಸಾಕ್ಷಿ, ಐದು ನಕಲು.

ನನಗೆ ಮನೆಯಂತೆ ಅನ್ನಿಸಿದ್ದು ಸತ್ತವರಿಗೆ ಸಾಲ ಕೊಟ್ಟವರನ್ನು ಕರೆಯುವ ಪ್ರಕಟಣೆಗಳು. 1859ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಕಾನೂನು ಬಂತು. ಸತ್ತವರ ಆಸ್ತಿ ಹಂಚುವ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟರೆ, ಉಯಿಲು ಜಾರಿ ಮಾಡುವವರು ಆಮೇಲೆ ಬಂದ ಸಾಲ ಕೊಟ್ಟವರಿಗೆ ಸ್ವಂತ ಜೇಬಿನಿಂದ ಕೊಡಬೇಕಾಗಿಲ್ಲ. ನಮ್ಮ 'ಏಳು ದಿನದೊಳಗೆ' ಪ್ರಕಟಣೆಯ ಅಣ್ಣ ಇದು. ಸತ್ತವರ ಪೂರ್ತಿ ಹೆಸರು, ಇದ್ದ ಊರುಗಳು, ಸತ್ತ ದಿನ, ವಕೀಲರ ವಿಳಾಸ, ಎಲ್ಲ ಅದರಲ್ಲಿ. ಹುಡುಕುವವರಿಗೆ ಒಂದು ಪ್ರಕಟಣೆ ಸಿಕ್ಕರೆ ನಾಲ್ಕು ಹೊಸ ದಾರಿ ಸಿಕ್ಕಿದಂತೆ. ವಕೀಲರ ಊರು ನೋಡಿ, ಆ ಊರಿನ ಪತ್ರಿಕೆಗೆ ಹೋಗಿ.

ಹುಡುಕುತ್ತಾ ಹೋದಂತೆ ಒಂದು ಸಂಕಟವೂ ಆಯಿತು. ಪುಟದ ತುಂಬ ದೊಡ್ಡವರೇ. ಥ್ರೋಲಿಯ ಗದ್ದೆಯಲ್ಲಿ ದುಡಿದವರು ಎಲ್ಲಿ? 1815ರ ಹೊತ್ತಿಗೆ ಒಂದೊಂದು ಜಾಹೀರಾತಿನ ಮೇಲೆ ಸರ್ಕಾರಿ ತೆರಿಗೆಯೇ 3 ಶಿಲಿಂಗ್ 6 ಪೆನ್ನಿ. ಕೂಲಿಯವನಿಗೆ ಅದು ಒಂದೆರಡು ದಿನದ ದುಡಿಮೆ. ಆ ತೆರಿಗೆ ಹೋಗಿದ್ದು 1853ರಲ್ಲಿ. ಅಲ್ಲಿಯವರೆಗೂ ಬಡವರ ಹೆಸರು ಪತ್ರಿಕೆಗೆ ಬರುವುದು ಹೆಚ್ಚಾಗಿ ಕೋರ್ಟ್ ಸುದ್ದಿಯಲ್ಲಿ. 1830ರಲ್ಲಿ ಕೆಂಟ್‌ನ ಕೂಲಿಗಳು ಒಕ್ಕಣೆ ಯಂತ್ರಗಳನ್ನು ಒಡೆದರು, ಆಗ ಬಂದವು ಅವರ ಹೆಸರುಗಳು, ಶಿಕ್ಷೆಯ ಪಟ್ಟಿಯಲ್ಲಿ. ಆ ಪಟ್ಟಿಗಳನ್ನೂ ನಾನು ಇಳಿಸಿಟ್ಟುಕೊಂಡಿದ್ದೇನೆ. ಜಮೀನುದಾರರ ಚರಿತ್ರೆ ಬರೆಯುವವರು ಅದನ್ನು ಬಿಡಬಾರದು ಎಂದು ನನ್ನ ಅಭಿಪ್ರಾಯ.

ಜಮೀನು ಹಿಡಿದು ಹೋದವನಿಗೆ ನಮ್ಮ ನೆಲ ಮತ್ತೆ ಮತ್ತೆ ಎದುರಾಯಿತು, ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಮೊದಲನೇ ಲಾರ್ಡ್‌ನ ಮಗಳನ್ನು ಮದುವೆಯಾದವನು ಸ್ಟೀಫನ್ ರಂಬೋಲ್ಡ್ ಲಷಿಂಗ್ಟನ್. ಅವನ ಮನೆಯೂ ಫ್ಯಾವರ್‌ಶಮ್ ಹತ್ತಿರದ್ದೇ. 1827ರಿಂದ 1832ರವರೆಗೆ ಅವನು ಮದರಾಸಿನ ಗವರ್ನರ್. ಶಿವಮೊಗ್ಗ ಕಡೆಯ ನಗರ ಸೀಮೆಯ ರೈತರು ದಂಗೆ ಎದ್ದಿದ್ದು, ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಕಂಪನಿ ಆಡಳಿತ ಕಿತ್ತುಕೊಂಡಿದ್ದು ಅದೇ ಕಾಲದಲ್ಲಿ. ಮೂರನೇ ಲಾರ್ಡ್ 1854ರಿಂದ 1859ರವರೆಗೆ ಮದರಾಸಿನ ಗವರ್ನರ್. ಆಗ ಬಳ್ಳಾರಿ, ಮಂಗಳೂರು ಎಲ್ಲ ಮದರಾಸಿಗೆ ಸೇರಿದ್ದವು. ನಾಲ್ಕನೇ ಲಾರ್ಡ್ 1890ರಿಂದ 1895ರವರೆಗೆ ಬಾಂಬೆ ಗವರ್ನರ್. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಅವನ ಕೈಕೆಳಗೆ. ನಮ್ಮೂರಿನ ಕೋಟೆ ಗೆದ್ದವನ ಮರಿಮಗ ಅವನು.

ಈ ನಾಲ್ಕನೆಯವನು ಹುಟ್ಟಿದ್ದು ಟ್ರಿನಿಡಾಡ್‌ನಲ್ಲಿ, 1851ರ ಫೆಬ್ರವರಿ 3ರಂದು. ಅಪ್ಪ ಆಗ ಅಲ್ಲಿ ಗವರ್ನರ್. ಕೆಂಟ್‌ನ ಪತ್ರಿಕೆಯಲ್ಲಿ ಅವನ ಜನನ ಹುಡುಕುವವರು ಫೆಬ್ರವರಿ ನೋಡಿ ಬಿಟ್ಟರೆ ಸಿಗುವುದಿಲ್ಲ. ಹಡಗು ಬರಬೇಕಲ್ಲ, ಮುಂದಿನ ತಿಂಗಳುಗಳನ್ನೂ ನೋಡಬೇಕು. ಇಂಡಿಯಾದ ಸುದ್ದಿಗಾದರೆ 1857ರಲ್ಲಿ ಶುರುವಾದ ಹೋಮ್‌ವರ್ಡ್ ಮೇಲ್ ಪತ್ರಿಕೆ ಒಳ್ಳೆಯದು, ಇಲ್ಲಿಯ ಜನನ, ಮದುವೆ, ಸಾವು ಅಲ್ಲಿ ಒಟ್ಟಿಗೆ ಸಿಗುತ್ತವೆ. ಇವನು ದೊಡ್ಡ ಕ್ರಿಕೆಟಿಗ ಕೂಡ. 1879ರ ಫೆಬ್ರವರಿ 8ರಂದು ಸಿಡ್ನಿಯಲ್ಲಿ ಒಂದು ರನೌಟ್ ತೀರ್ಪಿಗೆ ಸಿಟ್ಟಾದ ಜನ ಮೈದಾನಕ್ಕೆ ನುಗ್ಗಿ ಇವನಿಗೆ ಏಟು ಹಾಕಿದ್ದರು. ಅದನ್ನು ಆಸ್ಟ್ರೇಲಿಯಾದ ಟ್ರೋವ್ ಸಂಗ್ರಹದಲ್ಲಿ ಓದಿದೆ, ಪೂರ್ತಿ ಪುಕ್ಕಟೆ. ಇಂಗ್ಲೆಂಡಿನ ಮನೆತನ ಎಂದು ಇಂಗ್ಲೆಂಡಿನ ಪತ್ರಿಕೆಗೇ ಅಂಟಿಕೊಂಡು ಕೂರಬೇಡಿ.

ಎಲ್ಲ ಸೇರಿಸಿ ನಮ್ಮ ಆಫೀಸಿನ ಅಭ್ಯಾಸದಂತೆ ಒಂದು ತಖ್ತೆ ಮಾಡಿದೆ. ವರ್ಷ, ಸ್ವತ್ತು, ಯಾರಿಂದ, ಯಾರಿಗೆ, ಹೇಗೆ, ಪ್ರತಿಫಲ (ಅಂದರೆ ಕೊಟ್ಟ ಬೆಲೆ) ಏನು, ಯಾವ ಪ್ರಕಟಣೆ. ಸೀನಿಯರ್ ಮುಂದೆ ಇಟ್ಟೆ. ಕನ್ನಡಕ ಏರಿಸಿ ನಿಧಾನವಾಗಿ ಓದಿದರು. 1801ರ ಸಾಲಿನ ಹತ್ತಿರ ಪೆನ್ಸಿಲ್ ನಿಂತಿತು.

"ಪ್ರತಿಫಲ ಖಾಲಿ ಬಿಟ್ಟಿದೀಯಲ್ಲಪ್ಪ."

"ಹರಾಜಿನ ಮೊತ್ತ ಆಮೇಲೆ ತುಂಬೋಣ ಅಂತ ಬಿಟ್ಟೆ ಸಾರ್."

"ಮೊತ್ತ ಹಾಗಿರಲಿ. ಪಾದ್ರಿ ಮಗ ಅಂತೀಯ. ಅಷ್ಟು ದುಡ್ಡು ಎಲ್ಲಿಂದ ಬಂತು?"

ಅದು ನನಗೆ ಗೊತ್ತಿತ್ತು. ಕೋಟೆ ಬಿದ್ದ ಮೇಲೆ ಅರಮನೆಯ ಖಜಾನೆಯನ್ನು ಸೈನ್ಯ ಹಂಚಿಕೊಂಡಿತು. ದಂಡನಾಯಕನ ಪಾಲಿಗೆ ಬಂದದ್ದು 1 ಲಕ್ಷ 40 ಸಾವಿರ ಪೌಂಡಿಗಿಂತ ಜಾಸ್ತಿ. ಸಾಮಾನ್ಯ ಸಿಪಾಯಿಗೆ ಕೆಲವೇ ಪೌಂಡ್. ಆ ದುಡ್ಡಿನಿಂದಲೇ ಬೆಲ್ಮಾಂಟ್ ಬಂತು. ಗೊತ್ತಿದ್ದೂ ಆ ಕಾಲಂನಲ್ಲಿ ಬರೆಯಲು ಕೈ ಬಂದಿರಲಿಲ್ಲ. ಅವರ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ಬರೆದೆ: ಶ್ರೀರಂಗಪಟ್ಟಣ, 4 ಮೇ 1799.