ಮಳೆಗಾಲಕ್ಕೆ ಸಿದ್ಧವಾದ ಆರ್‌ಎಕ್ಸ್ 100: ಸಿಡಿಐ ಮತ್ತು ಕಾಯಿಲನ್ನು ಬೇರೆಡೆ ಕೂರಿಸುವ ವಿಧಾನ

1985ರಿಂದ 1996ರವರೆಗೆ ಭಾರತದಲ್ಲಿ ತಯಾರಾದ ಯಮಾಹಾ ಆರ್‌ಎಕ್ಸ್ 100 ಗಾಡಿಯನ್ನು ಕೆಫೆ ರೇಸರ್ (ಹಳೆಯ ರೇಸ್ ಗಾಡಿಯ ಶೈಲಿ) ಅಥವಾ ಸ್ಕ್ರಾಂಬ್ಲರ್ (ಕಚ್ಚಾ ದಾರಿಯ ಗಾಡಿಯ ಶೈಲಿ) ರೂಪಕ್ಕೆ ತರುವವರು ಸಾಮಾನ್ಯವಾಗಿ ಮೊದಲು ತೆಗೆಯುವುದು ಪಕ್ಕದ ಕವರುಗಳನ್ನು ಮತ್ತು ಹಿಂದಿನ ಉದ್ದ ಮಡ್‌ಗಾರ್ಡನ್ನು. ಇವೆರಡೂ ಹೋದ ಮೇಲೆ ಹಿಂಚಕ್ರ ಎರಚುವ ಕೆಸರುನೀರಿಗೂ, ಪ್ಲಗ್ಗಿನಲ್ಲಿ ಕಿಡಿ ಹುಟ್ಟಿಸುವ ಇಗ್ನಿಷನ್ ಭಾಗಗಳಾದ ಸಿಡಿಐ (ಕೆಪಾಸಿಟರ್ ಡಿಸ್ಚಾರ್ಜ್ ಇಗ್ನಿಷನ್) ಪೆಟ್ಟಿಗೆ ಮತ್ತು ಕಾಯಿಲಿಗೂ ನಡುವೆ ಯಾವ ಅಡ್ಡಿಯೂ ಉಳಿಯುವುದಿಲ್ಲ. ಬೇಸಿಗೆಯಲ್ಲಿ ಸೊಗಸಾಗಿ ಓಡಿದ ಗಾಡಿ ಜೂನ್ ತಿಂಗಳಲ್ಲಿ ಆಗುಂಬೆಯ ತಿರುವಿನಲ್ಲೋ ಚಾರ್ಮಾಡಿ ಘಾಟಿಯಲ್ಲೋ ನಿಂತುಹೋದರೆ, ಕಾರಣವನ್ನು ಕಾರ್ಬ್ಯುರೇಟರಿಗಿಂತ ಮೊದಲು ಇಲ್ಲಿ ಹುಡುಕುವುದು ಒಳ್ಳೆಯದು.

ಕೆಲಸ ಆರಂಭಿಸುವ ಮುನ್ನ ವ್ಯವಸ್ಥೆಯನ್ನು ಅರಿತಿರಬೇಕು. ಇಂಜಿನ್ನಿನೊಂದಿಗೆ ತಿರುಗಿ ವಿದ್ಯುತ್ತು ಹುಟ್ಟಿಸುವ ಮ್ಯಾಗ್ನೆಟೊದೊಳಗಿನ ಸೋರ್ಸ್ ಕಾಯಿಲ್ ಉತ್ಪಾದಿಸುವ ವಿದ್ಯುತ್ತು ಸಿಡಿಐ ಪೆಟ್ಟಿಗೆಯಲ್ಲಿರುವ ಕೆಪಾಸಿಟರನ್ನು ಕೆಲವು ನೂರು ವೋಲ್ಟಿನವರೆಗೆ ತುಂಬುತ್ತದೆ. ಪಿಕಪ್ ಕಾಯಿಲಿನಿಂದ ಸಂಕೇತ ಬಂದ ಕ್ಷಣ ಅದು ಇಗ್ನಿಷನ್ ಕಾಯಿಲಿನ ಪ್ರೈಮರಿ ಸುತ್ತಿಗೆ ಒಮ್ಮೆಲೇ ಹರಿದು, ಸೆಕೆಂಡರಿಯಲ್ಲಿ ಸಾವಿರಾರು ವೋಲ್ಟಾಗಿ ಏರಿ, ಪ್ಲಗ್ಗಿನಲ್ಲಿ ಕಿಡಿಯಾಗುತ್ತದೆ. ಸಿಡಿಐನ ಒಳಭಾಗವನ್ನು ಎಪಾಕ್ಸಿಯಿಂದ ಮುಚ್ಚಿರುವುದರಿಂದ ನೀರು ಪೆಟ್ಟಿಗೆಯೊಳಗೆ ಹೋಗುವುದು ಅಪರೂಪ. ಅದು ತೊಂದರೆ ಕೊಡುವುದು ಕನೆಕ್ಟರುಗಳಲ್ಲಿ, ಅರ್ಥಿಂಗ್ ಬಿಂದುಗಳಲ್ಲಿ ಮತ್ತು ಪ್ಲಗ್ ಕ್ಯಾಪಿನಲ್ಲಿ.

ಇವೆಲ್ಲಕ್ಕಿಂತ ಹೆಚ್ಚು ಉಪೇಕ್ಷೆಗೆ ಗುರಿಯಾಗುವುದು ಕಿಲ್ ವಯರ್. ಬೀಗದ ಕೈ ಆಫ್ ಆದಾಗ ಈ ವಯರ್ ಅರ್ಥಿಗೆ ಸೇರಿ ಕಿಡಿಯನ್ನು ನಿಲ್ಲಿಸುತ್ತದೆ. ಆದ್ದರಿಂದ ಇದರ ಕನೆಕ್ಟರಿನಲ್ಲಿ ಕೆಸರೋ ಉಪ್ಪುನೀರೋ ನಿಂತರೆ, ಯಾರೂ ಬೀಗ ತಿರುಗಿಸದಿದ್ದರೂ ವಿದ್ಯುತ್ತು ಸ್ವಲ್ಪ ಸ್ವಲ್ಪವಾಗಿ ಅರ್ಥಿಗೆ ಸೋರಿ ಕಿಡಿ ಕುಗ್ಗುತ್ತದೆ ಅಥವಾ ಪೂರ್ತಿ ಇಲ್ಲವಾಗುತ್ತದೆ. ಮಲ್ಟಿಮೀಟರಿನಿಂದ ಇದನ್ನು ಗುರುತಿಸುವುದು ಸುಲಭ: ಸಿಡಿಐಯಿಂದ ಕನೆಕ್ಟರನ್ನು ಬಿಡಿಸಿ ನೋಡಿದಾಗ ಆಫ್‌ನಲ್ಲಿ ಚಾಸಿಯೊಂದಿಗೆ ಸಂಪರ್ಕ ತೋರಿಸಿ, ಆನ್‌ನಲ್ಲಿ ಆ ಸಂಪರ್ಕ ಕಳೆದುಕೊಳ್ಳುವ ವಯರೇ ಅದು. ಈ ಒಂದು ವಯರಿಗೆ ಸಿಡಿಐ ಸಮೀಪದಲ್ಲಿ, ಕೈಗೆ ಸಿಗುವಂತೆ, ಪ್ರತ್ಯೇಕವಾದ ಸೀಲ್ಡ್ ಕನೆಕ್ಟರ್ ಹಾಕಬೇಕೆಂಬುದು ನನ್ನ ದೃಢ ಅಭಿಪ್ರಾಯ. ದಾರಿಯಲ್ಲಿ ಗಾಡಿ ನಿಂತಾಗ ಅದನ್ನು ಬಿಡಿಸಿದೊಡನೆ ಇಂಜಿನ್ ಶುರುವಾದರೆ, ದೋಷ ಸ್ವಿಚ್ಚಿನ ಕಡೆಗಿದೆ ಎಂದು ಅಲ್ಲಿಯೇ ತಿಳಿಯುತ್ತದೆ. ಆದರೆ ಆಗ ಬೀಗದ ಕೈಯಿಂದ ಇಂಜಿನ್ ನಿಲ್ಲುವುದಿಲ್ಲ. ಟಾಪ್ ಗೇರಿಗೆ ಹಾಕಿ, ಬ್ರೇಕನ್ನು ಗಟ್ಟಿಯಾಗಿ ಹಿಡಿದು, ಕ್ಲಚ್ ಬಿಟ್ಟು ನಿಲ್ಲಿಸಬೇಕಾಗುತ್ತದೆ.

ಬಿಚ್ಚುವ ಮೊದಲು ಪ್ರತಿ ವಯರಿನ ಬಣ್ಣವನ್ನೂ ಅದು ಸೇರುವ ಜಾಗವನ್ನೂ ಫೋಟೊ ತೆಗೆದಿಟ್ಟುಕೊಳ್ಳಿ. ಸೋರ್ಸ್ ಕಾಯಿಲ್ ಮತ್ತು ಪಿಕಪ್ ಕಾಯಿಲುಗಳ ರೋಧವನ್ನು ಅಳೆದು ಬರೆದಿಡಿ. ಕೆಲಸ ಮುಗಿದ ಮೇಲೆ ಸಿಡಿಐ ತುದಿಯಲ್ಲಿ ಅದೇ ಅಳತೆ ಬಂದರೆ ಹೊಸ ಜೋಡಣೆ ಸರಿಯಿದೆ ಎಂದರ್ಥ.

ಸ್ಥಳದ ಆಯ್ಕೆಯಲ್ಲಿ ತಾಳ್ಮೆ ಬೇಕು. ಟ್ಯಾಂಕಿನ ಅಡಿಯಲ್ಲಿ, ಚಾಸಿಯ ಮುಖ್ಯ ಕೊಳವೆಯ ಪಕ್ಕದ ಜಾಗವೇ ಸಿಡಿಐ, ಕಾಯಿಲ್ ಎರಡಕ್ಕೂ ಉತ್ತಮ, ಏಕೆಂದರೆ ಮೇಲಿನ ಮಳೆಗೆ ಟ್ಯಾಂಕ್ ಸೂರಾಗುತ್ತದೆ ಮತ್ತು ಹಿಂಚಕ್ರದ ಕೆಸರು ಅಲ್ಲಿಯವರೆಗೆ ಬರುವುದು ಕಡಿಮೆ. ಆದರೆ ಪೆಟ್ರೋಲ್ ಕಾಕ್ ಮತ್ತು ಪೈಪಿನ ನೇರ ಕೆಳಗೆ ಕೂರಿಸಬಾರದು. ಸಿಲಿಂಡರ್ ಹೆಡ್ಡಿನ ಬಿಸಿಗಾಳಿ ನೇರವಾಗಿ ತಟ್ಟುವಂತೆಯೂ ಇರಬಾರದು. ಸೀಟಿನ ಹಿಂಭಾಗದ ಗೂಡಿನಲ್ಲಿ ಸಿಡಿಐ ಅಡಗಿಸುವ ಪದ್ಧತಿ ನೋಡಲು ಚೆಂದವಾದರೂ, ಮಡ್‌ಗಾರ್ಡ್ ತೆಗೆದ ಗಾಡಿಯಲ್ಲಿ ಅದರ ತಳಕ್ಕೆ ಅಲ್ಯೂಮಿನಿಯಂ ತಗಡಿನ ಪೂರ್ಣ ಮುಚ್ಚಿಗೆ ಇಲ್ಲದೆ ಹಾಗೆ ಮಾಡುವುದನ್ನು ನಾನು ಶಿಫಾರಸು ಮಾಡಲಾರೆ. ಬ್ಯಾಟರಿಗೆ ಹೋಗುವ ವಿದ್ಯುತ್ತನ್ನು ಹದಗೊಳಿಸುವ ರೆಗ್ಯುಲೇಟರ್ ರೆಕ್ಟಿಫೈಯರ್ ಮಾತ್ರ ಗಾಳಿ ತಗಲುವ ಲೋಹದ ಮೇಲೆಯೇ ಇರಲಿ.

ಟೂ ಸ್ಟ್ರೋಕ್ ಇಂಜಿನ್ನಿನ ಕಂಪನ ಸಣ್ಣದಲ್ಲವಾದ್ದರಿಂದ ಸಿಡಿಐಯನ್ನು ರಬ್ಬರ್ ಬುಷ್ ಮೇಲೆ ಕೂರಿಸಬೇಕು. ಕಾಯಿಲಿನ ಕಬ್ಬಿಣದ ಭಾಗಕ್ಕಾದರೋ ಗಟ್ಟಿಯಾದ ಅರ್ಥಿಂಗ್ ಬೇಕು. ಹೊಸದಾಗಿ ಪೌಡರ್ ಕೋಟಿಂಗ್ ಮಾಡಿಸಿದ ಚಾಸಿಗೆ ಬೋಲ್ಟ್ ಬಿಗಿದರೆ ಬಣ್ಣದ ಪದರವೇ ಸಂಪರ್ಕ ತಡೆಯುತ್ತದೆ. ಆದ್ದರಿಂದ ಕಾಯಿಲಿನಿಂದಲೂ ಸಿಡಿಐಯಿಂದಲೂ ಪ್ರತ್ಯೇಕ ಅರ್ಥ್ ವಯರುಗಳನ್ನು ಇಂಜಿನ್ ಕೇಸಿನ ಒಂದೇ ಬೋಲ್ಟಿಗೆ ತಂದು, ಲೋಹವನ್ನು ಹೊಳೆಯುವವರೆಗೆ ಉಜ್ಜಿ, ಬಿಗಿದ ನಂತರ ಗ್ರೀಸ್ ಹಚ್ಚಬೇಕು.

ವಯರು ಉದ್ದ ಮಾಡಬೇಕಾದರೆ ಅದೇ ಬಣ್ಣದ, ಮೂಲಕ್ಕಿಂತ ತೆಳುವಲ್ಲದ ವಯರನ್ನೇ ಬಳಸಿ. ಪಿಕಪ್ಪಿನ ಎರಡು ವಯರುಗಳು ಅದಲುಬದಲಾದರೆ ಕಿಡಿಯ ಟೈಮಿಂಗ್ ಕೆಡುತ್ತದೆ. ಅವನ್ನು ಒಂದಕ್ಕೊಂದು ಹೆಣೆದು, ಪ್ಲಗ್ಗಿಗೆ ಹೋಗುವ ದಪ್ಪ ವಯರಿನಿಂದ ದೂರದಲ್ಲಿ ಸಾಗಿಸಬೇಕು. ಜೋಡಣೆಗೆ ಬೆಸುಗೆಗಿಂತ ಸರಿಯಾದ ಪ್ಲೈಯರಿನಿಂದ ಮಾಡಿದ ಕ್ರಿಂಪ್ (ಲೋಹದ ತುದಿಯನ್ನು ವಯರಿನ ಮೇಲೆ ಒತ್ತಿ ಹಿಡಿಸುವುದು) ವಾಸಿ, ಏಕೆಂದರೆ ಬೆಸುಗೆಯ ಸೀಸ ಎಳೆಗಳೊಳಗೆ ಹರಿದು ವಯರನ್ನು ಬಿರುಸಾಗಿಸುತ್ತದೆ ಮತ್ತು ಆ ಬಿರುಸು ಮುಗಿಯುವ ಜಾಗದಲ್ಲಿ ಕಂಪನಕ್ಕೆ ವಯರು ಮುರಿಯುತ್ತದೆ. ಜೋಡಣೆಯ ಮೇಲೆ ಒಳಬದಿಗೆ ಅಂಟು ಸವರಿದ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಕೊಳವೆ ಹಾಕಿ, ಎರಡೂ ತುದಿಗಳಲ್ಲಿ ಅಂಟು ಸಣ್ಣ ಉಂಗುರದಂತೆ ಹೊರಬರುವವರೆಗೆ ಬಿಸಿ ಮಾಡಿ. ಇನ್ಸುಲೇಷನ್ ಟೇಪು ಇಲ್ಲಿ ಸಾಲದು: ಬಿಸಿಲಿಗೆ ಅದರ ಅಂಟು ಕರಗಿ, ಸುರುಳಿಗಳ ನಡುವೆ ನೀರು ನಿಲ್ಲುತ್ತದೆ.

ಈ ಭಾಗಗಳಿಗೆ ಹೊರಪೆಟ್ಟಿಗೆ ಕಟ್ಟುವವರು ಅದನ್ನು ಪೂರ್ತಿ ಮುಚ್ಚಲು ಹೊರಡುತ್ತಾರೆ, ಅದು ಸರಿಯಲ್ಲ. ಬಿಸಿಯಾದ ಪೆಟ್ಟಿಗೆ ಮಳೆಗೆ ತಣಿದಾಗ ಒಳಗಿನ ಗಾಳಿ ಕುಗ್ಗಿ, ಸಿಕ್ಕ ಸಂದಿಯಿಂದ ತೇವವನ್ನು ಒಳಗೆಳೆದುಕೊಳ್ಳುತ್ತದೆ, ಹಾಗೆ ಬಂದ ನೀರಿಗೆ ಹೊರಹೋಗಲು ದಾರಿಯಿರುವುದಿಲ್ಲ. ತಳದ ಅತಿ ತಗ್ಗಿನಲ್ಲಿ 4 ಮಿಲಿಮೀಟರಿನ ರಂಧ್ರವೊಂದನ್ನು ಬಿಡಿ, ವಯರುಗಳನ್ನು ಕೆಳಗಿನಿಂದ ರಬ್ಬರ್ ಗ್ರಾಮೆಟ್ ಮೂಲಕ ಒಳಗೆ ತನ್ನಿ, ಒಳಹೋಗುವ ಮುನ್ನ ಪ್ರತಿಯೊಂದೂ ಸ್ವಲ್ಪ ಜೋತುಬೀಳಲಿ. ಆಗ ವಯರಿನ ಮೇಲೆ ಹರಿದ ನೀರು ಜೋತ ತುದಿಯಿಂದಲೇ ತೊಟ್ಟಿಕ್ಕುತ್ತದೆ. ಸಂದಿ ಮುಚ್ಚಲು ಬಳಸುವ ವಿನೆಗರ್ ವಾಸನೆಯ ಸಿಲಿಕಾನ್ ತಾಮ್ರವನ್ನು ತಿನ್ನುವುದರಿಂದ ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವುದನ್ನೇ ಕೊಳ್ಳಿ. ಪ್ಲಗ್ ಕ್ಯಾಪಿನ ರಬ್ಬರ್ ತುಟಿಗಳಿಗೂ ಕನೆಕ್ಟರುಗಳ ಸೀಲುಗಳಿಗೂ ವಿದ್ಯುತ್ತು ಹರಿಯಗೊಡದ ಡೈಎಲೆಕ್ಟ್ರಿಕ್ ಗ್ರೀಸನ್ನು ತೆಳುವಾಗಿ ಸವರಿ.

ಮೊದಲ ಕಿಡಿಯನ್ನು ನೋಡುವಾಗ ಬಿಚ್ಚಿದ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ ಇಂಜಿನ್ನಿನ ಲೋಹಕ್ಕೆ ತಾಗಿಸಿಯೇ ಕಿಕ್ ಹೊಡೆಯಿರಿ, ಆದರೆ ಪ್ಲಗ್ಗಿನ ತೂತಿನಿಂದ ದೂರದಲ್ಲಿ ಹಿಡಿಯಿರಿ, ಅಲ್ಲಿಂದ ಪೆಟ್ರೋಲಿನ ಆವಿ ಚಿಮ್ಮುತ್ತದೆ. ಹಾಗೆ ತಾಗಿಸದೆ ಹೊಡೆದರೆ ಕಾಯಿಲಿಗೂ ಸಿಡಿಐಗೂ ಹಾನಿಯಾಗಬಹುದು. ನಂತರ ಕತ್ತಲಾದ ಮೇಲೆ, ಗಾಳಿಯಾಡುವ ಬಯಲಿನಲ್ಲಿ ಇಂಜಿನ್ ಐಡ್ಲಿಂಗಿನಲ್ಲಿರುವಾಗ ಯಾವುದನ್ನೂ ಮುಟ್ಟದೆ ಕೈಪಂಪಿನಿಂದ ಕಾಯಿಲ್, ಪ್ಲಗ್ ವಯರ್, ಸಿಡಿಐ, ಕೊನೆಗೆ ಬೀಗದ ಸ್ವಿಚ್ ಎಂಬ ಕ್ರಮದಲ್ಲಿ ಒಂದೊಂದಕ್ಕೇ ನೀರು ಸಿಂಪಡಿಸಿ. ಯಾವ ಹಂತದಲ್ಲಿ ಇಂಜಿನ್ ತಡವರಿಸಿತೋ, ಎಲ್ಲಿ ನೀಲಿ ಕಿಡಿ ಹರಿದಾಡಿತೋ ಅಲ್ಲಿಯೇ ಸೋರಿಕೆಯಿದೆ. ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯಲ್ಲಿ ಓಡಿಸುವವರು ಮೊದಲ ಮಳೆಯ ಕೆಲವು ದಿನಗಳ ನಂತರ ಒಮ್ಮೆ ಕನೆಕ್ಟರುಗಳನ್ನು ಬಿಚ್ಚಿ, ಪಿನ್ನುಗಳ ಮೇಲೆ ಹಸಿರು ಕಿಲುಬು ಕಾಣಿಸಿಕೊಂಡಿದೆಯೇ ಎಂದು ನೋಡಬೇಕು. ಕಾಣಿಸಿದರೆ ಆ ಟರ್ಮಿನಲ್ಲನ್ನು ಉಜ್ಜುವ ಬದಲು ಕತ್ತರಿಸಿ ಹೊಸದನ್ನು ಕ್ರಿಂಪ್ ಮಾಡಿ, ಸೀಲನ್ನೂ ಬದಲಿಸಿ.